ಪೈಥಾನ್ 3.12, 3.13, 3.14: ಒಂದೇ ಪ್ರೋಗ್ರಾಮನ್ನು ಮೂರರಲ್ಲೂ ಓಡಿಸಿ ನೋಡಿದೆ

ನಾನು ಬರೆದ ಒಂದು ಪ್ರೋಗ್ರಾಮ್ ಇದೆ, ದಿನಾ ಓಡುತ್ತದೆ. ಲಾಗ್ ಫೈಲ್‌ಗಳನ್ನು ಓದುತ್ತದೆ, ರೆಜೆಕ್ಸ್ (ಪಠ್ಯದಲ್ಲಿ ಒಂದು ಮಾದರಿ ಹುಡುಕುವ ಸೂತ್ರ) ಹಾಕಿ ಬೇಕಾದ ಸಾಲುಗಳನ್ನು ಹೆಕ್ಕುತ್ತದೆ, ಲೆಕ್ಕ ಹಾಕುತ್ತದೆ, ಕೊನೆಗೆ ಎಲ್ಲವನ್ನೂ ಕುಗ್ಗಿಸಿ ಎತ್ತಿಡುತ್ತದೆ. ಇಷ್ಟು ದಿನ ಅದು ಪೈಥಾನ್ 3.11ರಲ್ಲೇ ಇತ್ತು. 3.11ಕ್ಕೆ ಈಗ ಬರುವುದು ಭದ್ರತೆಯ ತಿದ್ದುಪಡಿ ಮಾತ್ರ, ಅದೂ 2027ರ ಅಕ್ಟೋಬರ್‌ಗೆ ನಿಲ್ಲುತ್ತದೆ. ಮೇಲೆ ಹೋಗಲೇಬೇಕು. ಆದರೆ ಯಾವುದಕ್ಕೆ? 3.12 ಬಂದಿದ್ದು 2023ರ ಅಕ್ಟೋಬರ್ 2ಕ್ಕೆ. 3.13 ಮತ್ತು 3.14 ಎರಡೂ ಅಕ್ಟೋಬರ್ 7ಕ್ಕೇ ಬಂದವು, ಒಂದು 2024ರಲ್ಲಿ, ಇನ್ನೊಂದು 2025ರಲ್ಲಿ.

ಹೊಸ ಸೌಲಭ್ಯಗಳ ಪಟ್ಟಿ ಓದಿ ಆರಿಸಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಒಂದೇ ಲಿನಕ್ಸ್ ಯಂತ್ರ, ಅವೇ ಫೈಲ್‌ಗಳು, ಪ್ರತಿ ಆವೃತ್ತಿಗೂ ಹೊಸ ವರ್ಚುವಲ್ ಎನ್ವಿರಾನ್ಮೆಂಟ್, ಅಂದರೆ ಪ್ಯಾಕೇಜ್‌ಗಳನ್ನು ಪ್ರತ್ಯೇಕವಾಗಿ ಇಡುವ ಜಾಗ. ನಾನು ನೋಡಿದ್ದು ಎರಡೇ. ನನ್ನ ಕೋಡ್ ಎಲ್ಲಿ ಮುರಿಯುತ್ತದೆ? ಮುರಿದಾಗ ಕಾರಣ ಎಷ್ಟು ಬೇಗ ಗೊತ್ತಾಗುತ್ತದೆ?

3.12ರಲ್ಲಿ ಪ್ರೋಗ್ರಾಮ್ ಶುರುವೇ ಆಗಲಿಲ್ಲ. ಡಿಸ್ಟ್‌ಯುಟಿಲ್ಸ್ ಸಿಗುತ್ತಿಲ್ಲ ಅಂತ ಎರರ್. ಪ್ಯಾಕೇಜ್ ಕಟ್ಟಲು ಇದ್ದ ಈ ಮಾಡ್ಯೂಲನ್ನು 3.12ರಲ್ಲಿ ತೆಗೆದುಹಾಕಿದ್ದಾರೆ. ನಾನು ಆ ಮಾಡ್ಯೂಲನ್ನು ಪ್ಯಾಕೇಜ್ ಕಟ್ಟಲು ಬಳಸಿರಲೇ ಇಲ್ಲ. ಕಾನ್ಫಿಗ್ ಫೈಲಿನಲ್ಲಿ 'ಯೆಸ್' ಅಂತಲೋ 'ಟ್ರೂ' ಅಂತಲೋ ಬರೆದಿದ್ದನ್ನು ಒಂದು ಅಥವಾ ಸೊನ್ನೆ ಮಾಡಿಕೊಡುವ ಸ್ಟ್ರ್‌ಟುಬೂಲ್ ಅನ್ನೋ ಪುಟ್ಟ ಫಂಕ್ಷನ್ ಅದರೊಳಗಿದೆ, ಅದಕ್ಕಾಗಿ ಎಂದೋ ಒಂದು ಸಾಲು ಇಂಪೋರ್ಟ್ ಹಾಕಿ ಮರೆತುಬಿಟ್ಟಿದ್ದೆ. ಐದಾರು ಸಾಲು ಸ್ವಂತವಾಗಿ ಬರೆದುಕೊಂಡೆ, ಸರಿಹೋಯಿತು. ಇಲ್ಲಿ ಒಂದು ವಿಷಯ ಹೇಳಲೇಬೇಕು, ಇದರಿಂದ ನನ್ನ ಅರ್ಧ ದಿನ ಹೋಯಿತು. ಇನ್ನೊಂದು ಯಂತ್ರದಲ್ಲಿ ಅದೇ ಹಳೆಯ ಕೋಡ್ 3.12ರಲ್ಲೂ ತಕರಾರಿಲ್ಲದೆ ಓಡಿತ್ತು. ಯಾಕೆ ಅಂದರೆ ಅಲ್ಲಿ ಸೆಟಪ್‌ಟೂಲ್ಸ್ ಅನ್ನೋ ಪ್ಯಾಕೇಜ್ ಮೊದಲೇ ಹಾಕಿತ್ತು, ಅದು ಡಿಸ್ಟ್‌ಯುಟಿಲ್ಸ್‌ನ ತನ್ನದೇ ಒಂದು ಪ್ರತಿಯನ್ನು ಆ ಹೆಸರಿನಲ್ಲಿ ಕೊಡುತ್ತದೆ. 3.12ರಿಂದ ಹೊಸ ವರ್ಚುವಲ್ ಎನ್ವಿರಾನ್ಮೆಂಟ್ ಒಳಗೆ ಸೆಟಪ್‌ಟೂಲ್ಸ್ ತಾನಾಗಿ ಬರುವುದಿಲ್ಲ. ಅದಕ್ಕೇ ಹೇಳೋದು, ಪರೀಕ್ಷೆ ಮಾಡುವಾಗ ಖಾಲಿ ಎನ್ವಿರಾನ್ಮೆಂಟಿನಲ್ಲೇ ಮಾಡಿ. ಹಳೆಯದರಲ್ಲಿ ಓಡಿದರೆ ಅದು ಲೆಕ್ಕಕ್ಕಿಲ್ಲ.

3.12 ಕೊಟ್ಟ ಇನ್ನೊಂದು ಕೆಲಸ ಬ್ಯಾಕ್‌ಸ್ಲ್ಯಾಶ್‌ನದು. ರೆಜೆಕ್ಸ್ ಬರೆಯುವಾಗ ಸ್ಟ್ರಿಂಗ್ ಮುಂದೆ 'ಆರ್' (ಬ್ಯಾಕ್‌ಸ್ಲ್ಯಾಶನ್ನು ಹಾಗೇ ಓದು ಅನ್ನೋ ಗುರುತು) ಹಾಕದೆ, ಪೈಥಾನ್ ಗುರುತಿಸದ ಬ್ಯಾಕ್‌ಸ್ಲ್ಯಾಶ್ ಜೋಡಿ ಬರೆದ ಕಡೆಯೆಲ್ಲ ಈಗ ಸಿಂಟ್ಯಾಕ್ಸ್ ವಾರ್ನಿಂಗ್ ಬರುತ್ತದೆ. ಮೊದಲೂ ವಾರ್ನಿಂಗ್ ಇತ್ತು, ಸಾಮಾನ್ಯವಾಗಿ ಕಾಣಿಸುತ್ತಿರಲಿಲ್ಲ ಅಷ್ಟೇ. ಇಂಪೋರ್ಟ್ ಆಗುವ ಫೈಲ್‌ಗಳಲ್ಲಿ ಇದು ಮೊದಲ ಸಲ ಮಾತ್ರ ಕಾಣುತ್ತದೆ, ಎರಡನೇ ಸಲ ಕಂಪೈಲ್ ಆದ ಪ್ರತಿ ಸಿಗುವುದರಿಂದ ಸುಮ್ನೆ ಇರುತ್ತದೆ. ಹೋಯಿತು ಅಂದುಕೊಂಡು ಬಿಟ್ಟುಬಿಡಬೇಡಿ.

ಇನ್ನು 3.12ರ ಒಳ್ಳೆಯದು. ಎಫ್-ಸ್ಟ್ರಿಂಗ್ (ನಡುವೆ ವೇರಿಯಬಲ್‌ಗಳನ್ನು ಸೇರಿಸಬಹುದಾದ ಸ್ಟ್ರಿಂಗ್) ಒಳಗೆ ಅದೇ ಉದ್ಧರಣ ಚಿಹ್ನೆಯನ್ನು ಮತ್ತೆ ಬಳಸಬಹುದು. ಡಿಕ್ಷನರಿಯ ಕೀ ಬರೆಯಲು ಒಂಟಿ ಚಿಹ್ನೆ, ಹೊರಗೆ ಜೋಡಿ ಚಿಹ್ನೆ ಅಂತ ಲೆಕ್ಕ ಇಡುವ ಕಿರಿಕಿರಿ ತಪ್ಪಿತು. ಚಿಕ್ಕದು ಅನ್ನಿಸಬಹುದು, ಆದರೆ ಕೈಗೆ ರೂಢಿಯಾದ ಮೇಲೆ 3.11ಕ್ಕೆ ವಾಪಸ್ ಹೋದಾಗಲೆಲ್ಲ ಎಡವಿದ್ದೇನೆ.

3.13ರಲ್ಲಿ ಮುರಿದಿದ್ದು ಒಂದೇ ಕಡೆ, ಸಿಜಿಐ ಮಾಡ್ಯೂಲ್. ಯಾರೂ ನೋಡಿಕೊಳ್ಳದೆ ಬಿದ್ದಿದ್ದ 19 ಮಾಡ್ಯೂಲ್‌ಗಳನ್ನು ಈ ಆವೃತ್ತಿಯಲ್ಲಿ ಒಟ್ಟಿಗೇ ತೆಗೆದುಹಾಕಿದರು. ಸಿಜಿಐ, ಟೆಲ್ನೆಟ್‌ಲಿಬ್, ಕ್ರಿಪ್ಟ್, ಪೈಪ್ಸ್ ಎಲ್ಲ ಅದರಲ್ಲಿವೆ. ನಾನು ಒಂದು ಎಚ್‌ಟಿಟಿಪಿ ಹೆಡರ್ ಬಿಡಿಸಲು ಸಿಜಿಐಯನ್ನು ಬಳಸಿದ್ದೆ, ಈಗ ಇಮೇಲ್ ಪ್ಯಾಕೇಜಿನ ಮೆಸೇಜ್ ಕ್ಲಾಸ್ ಅದೇ ಕೆಲಸ ಮಾಡುತ್ತದೆ. ಹತ್ತು ನಿಮಿಷದ ಕೆಲಸ. 3.12ಕ್ಕಿಂತ ಇದು ಹಗುರವಾಗಿತ್ತು.

3.13 ನನಗೆ ಇಷ್ಟವಾಗಿದ್ದು ಅದರ ಎರರ್ ಸಂದೇಶಗಳಿಂದ. ಒಂದೇ ತಪ್ಪನ್ನು ಬೇಕೆಂದೇ ಮಾಡಿ ಎರಡರಲ್ಲೂ ನೋಡಿದೆ. ನನ್ನದೊಂದು ಫೈಲಿಗೆ 'ಕ್ಯೂ' ಅಂತ ಹೆಸರಿಟ್ಟೆ, ಅದೇ ಹೆಸರಿನ ಮಾಡ್ಯೂಲ್ ಪೈಥಾನ್‌ನಲ್ಲೇ ಇದೆ. 3.12 ಹೇಳಿದ್ದು, ಈ ಮಾಡ್ಯೂಲಿನಲ್ಲಿ ಅಂಥ ಹೆಸರೇ ಇಲ್ಲ ಅಂತ. ಕಲಿಯುವವರು ಇಲ್ಲಿ ಗಂಟೆಗಟ್ಟಲೆ ಕೂತುಬಿಡುತ್ತಾರೆ, ಯಾಕೆಂದರೆ ಕೋಡ್ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. 3.13 ನೇರವಾಗಿ ಹೇಳುತ್ತದೆ: ನಿನ್ನ ಈ ಫೈಲಿಗೂ ಸ್ಟ್ಯಾಂಡರ್ಡ್ ಲೈಬ್ರರಿಯ ಮಾಡ್ಯೂಲಿಗೂ ಒಂದೇ ಹೆಸರಿದೆ, ಹೆಸರು ಬದಲಿಸಿ ನೋಡು. ಫೈಲ್ ಎಲ್ಲಿದೆ ಅನ್ನೋದನ್ನೂ ತೋರಿಸುತ್ತದೆ. ಎರರ್ ಎಲ್ಲಿ ಬಂತು ಅಂತ ತೋರಿಸುವ ಟ್ರೇಸ್‌ಬ್ಯಾಕ್‌ಗೆ ಬಣ್ಣವೂ ಬಂದಿದೆ. ಪೈಥಾನ್ ಕಲಿಸುವ ಯಾರೇ ಆಗಲಿ, ಇದೊಂದಕ್ಕಾಗಿಯೇ 3.12 ಬಿಟ್ಟು ಮೇಲೆ ಬರಬಹುದು. 3.14 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ, ವೈಲ್ ಅನ್ನೋ ಕೀವರ್ಡಿನ ಕಾಗುಣಿತ ತಪ್ಪಿದರೆ ಸರಿಯಾದದ್ದು ಇದಾ ಅಂತ ಕೇಳುತ್ತದೆ.

ಇಂಟರ್ಯಾಕ್ಟಿವ್ ಶೆಲ್ ಕೂಡ 3.13ರಲ್ಲಿ ಪೂರ್ತಿ ಹೊಸದು. ಮೇಲಿನ ಬಾಣ ಒತ್ತಿದರೆ ಹಿಂದೆ ಬರೆದ ಇಡೀ ಫಂಕ್ಷನ್ ಒಟ್ಟಿಗೇ ಬರುತ್ತದೆ, ಮೊದಲಿನ ಹಾಗೆ ಒಂದೊಂದೇ ಸಾಲು ಅಲ್ಲ. ಹೊರಬರಲು 'ಎಕ್ಸಿಟ್' ಅಂದರೆ ಸಾಕು, ಆವರಣ ಚಿಹ್ನೆ ಬೇಡ. 3.14ರಲ್ಲಿ ಬರೆಯುತ್ತಿರುವಾಗಲೇ ಕೋಡಿಗೂ ಬಣ್ಣ ಬರುತ್ತದೆ.

ಈಗ 3.14. ಇಲ್ಲಿ ಪ್ರೋಗ್ರಾಮ್ ಮುರಿಯಲಿಲ್ಲ. ಓಡಿತು, ಮುಗಿಯಿತು, ಒಂದು ಎರರ್ ಕೂಡ ಇಲ್ಲ. ಆದರೆ ಒಟ್ಟು ಲೆಕ್ಕ ಸೊನ್ನೆ!

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಲಿನಕ್ಸಿನಲ್ಲಿ ಮಲ್ಟಿಪ್ರೊಸೆಸಿಂಗ್ (ಕೆಲಸವನ್ನು ಹಲವು ಪ್ರೊಸೆಸ್‌ಗಳಿಗೆ ಹಂಚುವುದು) ಬಳಸುವವರಿಗೆ ಈ ಮೂರು ಆವೃತ್ತಿಗಳ ನಡುವಿನ ಅತಿ ದೊಡ್ಡ ಬದಲಾವಣೆ ಇದೇ. ಇಷ್ಟು ವರ್ಷ ಲಿನಕ್ಸಿನಲ್ಲಿ ಹೊಸ ಪ್ರೊಸೆಸ್ ಹುಟ್ಟುತ್ತಿದ್ದುದು ಫೋರ್ಕ್ ಮೂಲಕ. ಅಂದರೆ ತಾಯಿ ಪ್ರೊಸೆಸ್‌ನ ಮೆಮೊರಿಯಲ್ಲಿ ಏನೇನಿತ್ತೋ ಅದೆಲ್ಲ ಮಗುವಿಗೂ ಹಾಗೇ ಸಿಗುತ್ತಿತ್ತು. ನಾನು ಕಾನ್ಫಿಗ್ ಓದಿ ಒಂದು ಗ್ಲೋಬಲ್ ಡಿಕ್ಷನರಿ ತುಂಬಿಸಿ, ಆಮೇಲೆ ಕೆಲಸಗಾರ ಪ್ರೊಸೆಸ್‌ಗಳನ್ನು ಎಬ್ಬಿಸುತ್ತಿದ್ದೆ. ಅವು ಆ ಡಿಕ್ಷನರಿ ನೋಡಿ ಯಾವ ಸಾಲು ಹೆಕ್ಕಬೇಕು ಅಂತ ತಿಳಿದುಕೊಳ್ಳುತ್ತಿದ್ದವು. 3.14ರಲ್ಲಿ ಡೀಫಾಲ್ಟ್ ವಿಧಾನ ಫೋರ್ಕ್‌ಸರ್ವರ್ ಆಗಿದೆ. ಇಲ್ಲಿ ಮಗು ಪ್ರೊಸೆಸ್ ನನ್ನ ಫೈಲನ್ನು ಹೊಸದಾಗಿ ಇಂಪೋರ್ಟ್ ಮಾಡಿಕೊಳ್ಳುತ್ತದೆ, ಮೇನ್ ಬ್ಲಾಕ್ ಒಳಗಿನ ಕೋಡ್ ಅದರಲ್ಲಿ ಓಡುವುದೇ ಇಲ್ಲ. ಡಿಕ್ಷನರಿ ತುಂಬಿಸುವ ಕೋಡ್ ಇದ್ದದ್ದು ಅಲ್ಲೇ, ಹಾಗಾಗಿ ಡಿಕ್ಷನರಿ ಖಾಲಿ. ಹೆಕ್ಕಲು ಏನೂ ಇಲ್ಲ, ಹಾಗಾಗಿ ಸೊನ್ನೆ.

ಬದಲಾವಣೆಗೆ ಕಾರಣ ಸರಿಯಾದದ್ದೇ. ಥ್ರೆಡ್‌ಗಳು (ಒಂದೇ ಪ್ರೊಸೆಸ್ ಒಳಗೆ ಜೊತೆಜೊತೆಗೆ ನಡೆಯುವ ಕೆಲಸಗಳು) ಓಡುತ್ತಿರುವ ಪ್ರೊಸೆಸ್ಸನ್ನು ಫೋರ್ಕ್ ಮಾಡಿದರೆ, ಆ ಕ್ಷಣದಲ್ಲಿ ಯಾವುದೋ ಥ್ರೆಡ್ ಹಿಡಿದಿದ್ದ ಲಾಕ್ ಮಗುವಿನಲ್ಲಿ ಎಂದೂ ಬಿಡುಗಡೆಯಾಗದೆ ಇಡೀ ಪ್ರೋಗ್ರಾಮ್ ಸಿಕ್ಕಿಹಾಕಿಕೊಳ್ಳಬಹುದು. 3.12ರಲ್ಲೇ ಇಂಥ ಕಡೆ ವಾರ್ನಿಂಗ್ ಶುರುವಾಗಿತ್ತು. ವಿಂಡೋಸ್, ಮ್ಯಾಕ್ ಬಳಸುವವರಿಗೆ ಇಲ್ಲಿ ಏನೂ ಬದಲಾಗಿಲ್ಲ, ಅಲ್ಲಿ ಮೊದಲಿಂದಲೂ ಸ್ಪಾನ್ ವಿಧಾನ ಇದೆ (ಮ್ಯಾಕ್‌ನಲ್ಲಿ 3.8ರಿಂದ). ನಾನು ಹಳೆಯ ಫೋರ್ಕ್ ವಿಧಾನವನ್ನೇ ಹೆಸರಿಟ್ಟು ಕೇಳಬಹುದಿತ್ತು, ಒಂದು ಸಾಲಿನ ಕೆಲಸ. ಆದರೆ ಪೂಲ್ (ಕೆಲಸಗಾರ ಪ್ರೊಸೆಸ್‌ಗಳ ಗುಂಪು) ಮಾಡುವಾಗಲೇ ಇನಿಶಿಯಲೈಜರ್ (ಪ್ರತಿ ಪ್ರೊಸೆಸ್ ಶುರುವಾದಾಗ ಓಡುವ ಫಂಕ್ಷನ್) ಕೊಟ್ಟು ಡಿಕ್ಷನರಿಯನ್ನು ಕಳಿಸುವ ಹಾಗೆ ಬದಲಿಸಿದೆ. ಈಗ ಯಾವ ಪ್ರೊಸೆಸ್‌ಗೆ ಏನು ಹೋಗುತ್ತದೆ ಅನ್ನೋದು ಕೋಡಿನಲ್ಲೇ ಕಾಣುತ್ತದೆ. ನಡುವೆ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಫಂಕ್ಷನ್) ಪಿಕಲ್ ಆಗಲ್ಲ, ಅಂದರೆ ಇನ್ನೊಂದು ಪ್ರೊಸೆಸ್‌ಗೆ ಕಳಿಸಲು ಆಗಲ್ಲ, ಅಂತ ನಿಂತಿತು, ಅದನ್ನು ಮಾಮೂಲಿ ಫಂಕ್ಷನ್ ಮಾಡಿದೆ.

ಹೋಲಿಸಿ ನೋಡಿ: 3.12 ಮತ್ತು 3.13 ಗಟ್ಟಿಯಾಗಿ ಕೂಗಿ ಬಿದ್ದವು, 3.14 ಸದ್ದಿಲ್ಲದೆ ತಪ್ಪು ಉತ್ತರ ಕೊಟ್ಟಿತು. ನನಗೆ ಹೆದರಿಕೆ ಎರಡನೆಯದರದ್ದೇ. 3.14ಕ್ಕೆ ಹೋಗುವ ಮೊದಲು ಹಳೆಯ ಆವೃತ್ತಿಯ ಔಟ್‌ಪುಟ್ ಒಂದು ಕಡೆ ಎತ್ತಿಟ್ಟುಕೊಂಡು, ಸಾಲು ಸಾಲು ಹೋಲಿಸಿ ನೋಡಿ. ಓಡಿತು ಅಂದರೆ ಸರಿಯಾಯಿತು ಅಂತಲ್ಲ.

ಅದೇ 3.14 ಇನ್ನೊಂದು ಕಡೆ ನನ್ನ ಹಳೆಯ ತಪ್ಪನ್ನು ಹಿಡಿದುಕೊಟ್ಟಿತು. ಫೈನಲಿ ಬ್ಲಾಕ್ ಒಳಗೆ ರಿಟರ್ನ್ ಬರೆದಿದ್ದರೆ ಈಗ ವಾರ್ನಿಂಗ್ ಬರುತ್ತದೆ. ಹಾಗೆ ಬರೆದರೆ ಮೇಲೆ ಬಂದ ಎಕ್ಸೆಪ್ಷನ್ ಮಾಯವಾಗುತ್ತದೆ. ನನ್ನ ಕೋಡಿನಲ್ಲಿ ಅಂಥದ್ದೊಂದು ಇತ್ತು. ಹಾಳಾದ ಫೈಲ್‌ಗಳನ್ನು ಅದು ಇಷ್ಟು ದಿನ ಸುಮ್ನೆ ನುಂಗುತ್ತಾ ಇತ್ತು ಅಂತ ಆಗಲೇ ಗೊತ್ತಾಗಿದ್ದು.

ವೇಗದ ವಿಚಾರಕ್ಕೆ ಬರೋಣ. 3.11 ಬಂದಾಗ 3.10ಕ್ಕಿಂತ ಸರಾಸರಿ 1.25 ಪಟ್ಟು ವೇಗ ಅಂತ ಪೈಥಾನ್ ತಂಡವೇ ಹೇಳಿತ್ತು, ನನಗೂ ಆಗ ವ್ಯತ್ಯಾಸ ಕಂಡಿತ್ತು. ಈ ಮೂರರಲ್ಲಿ ಅಂಥದ್ದೇನೂ ಕಾಣಲಿಲ್ಲ. ನನ್ನ ಪ್ರೋಗ್ರಾಮಿನ ಸಮಯ ಹೋಗುವುದು ರೆಜೆಕ್ಸ್ ಮತ್ತು ಡಿಸ್ಕ್ ಓದುವುದರಲ್ಲಿ. ರೆಜೆಕ್ಸ್ ಎಂಜಿನ್ ಸಿ ಭಾಷೆಯಲ್ಲಿದೆ, ಇಂಟರ್‌ಪ್ರಿಟರ್ ಎಷ್ಟು ಚುರುಕಾದರೂ ಅದಕ್ಕೆ ಲಾಭ ಕಡಿಮೆ. ಜಿಟ್ (ಓಡುತ್ತಿರುವಾಗಲೇ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಸೌಲಭ್ಯ) ಕೂಡ ಹಾಕಿ ನೋಡಿದೆ, ನನಗೆ ಏನೂ ಸಿಗಲಿಲ್ಲ. ಅದಿನ್ನೂ ಪ್ರಾಯೋಗಿಕ ಹಂತದಲ್ಲೇ ಇದೆ.

ನಿಜವಾದ ವ್ಯತ್ಯಾಸ ಕಂಡಿದ್ದು ಗಿಲ್ ಇಲ್ಲದ ಬಿಲ್ಡ್‌ನಲ್ಲಿ. ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಲಾಕ್‌ಗೆ ಗಿಲ್ ಅಂತಾರೆ. ಅದಿಲ್ಲದ ಬಿಲ್ಡ್ 3.13ರಲ್ಲಿ ಪ್ರಯೋಗವಾಗಿ ಬಂತು, 3.14ರಲ್ಲಿ ಅಧಿಕೃತ ಬೆಂಬಲ ಸಿಕ್ಕಿತು. ಹೆಸರಿನ ಕೊನೆಗೆ 'ಟಿ' ಇರುತ್ತದೆ. ಇದರಲ್ಲಿ ಒಂದೇ ಥ್ರೆಡ್ ಓಡಿಸಿದರೆ ಸ್ವಲ್ಪ ನಿಧಾನ. 3.13ರಲ್ಲಿ ಈ ನಷ್ಟ ಸುಮಾರು 40% ಅಂತ ಅಧಿಕೃತ ಲೆಕ್ಕ, 3.14ರಲ್ಲಿ ಅದು 5ರಿಂದ 10%ಗೆ ಇಳಿದಿದೆ. 3.13ಟಿ ನನಗೆ ಉಪಯೋಗಕ್ಕೆ ಬರಲಿಲ್ಲ, ಥ್ರೆಡ್‌ನಿಂದ ಬಂದ ಲಾಭದಲ್ಲಿ ಅರ್ಧ ಈ ನಿಧಾನಕ್ಕೇ ಹೋಗುತ್ತಿತ್ತು. 3.14ಟಿಯಲ್ಲಿ ನಾಲ್ಕು ಥ್ರೆಡ್ ಕೊಟ್ಟಾಗ ಸಾಲು ಹೆಕ್ಕುವ ಹಂತ ಹೆಚ್ಚುಕಡಿಮೆ ಮೂರು ಪಟ್ಟು ಬೇಗ ಮುಗಿಯಿತು. ಮಲ್ಟಿಪ್ರೊಸೆಸಿಂಗ್ ಹಾಗೆ ಪ್ರತಿ ಪ್ರೊಸೆಸ್‌ಗೂ ಹುಡುಕುಪಟ್ಟಿಯ ಒಂದೊಂದು ಪ್ರತಿ ಬೇಕಿಲ್ಲ, ಎಲ್ಲ ಥ್ರೆಡ್‌ಗಳೂ ಒಂದನ್ನೇ ನೋಡುತ್ತವೆ. ಮೆಮೊರಿ ಎಷ್ಟೋ ಉಳಿಯಿತು.

ಮೊದಲ ಸಲ ಮಾತ್ರ ಒಂದಿಷ್ಟೂ ಬೇಗ ಆಗಲಿಲ್ಲ. ಮೇಲೆ ಬಂದ ವಾರ್ನಿಂಗ್ ಓದಿದ ಮೇಲೆ ಅರ್ಥವಾಯಿತು. ಗಿಲ್ ಇಲ್ಲದೆ ಓಡಬಲ್ಲೆ ಅಂತ ಹೇಳಿಕೊಳ್ಳದ ಒಂದು ಸಿ ಎಕ್ಸ್‌ಟೆನ್ಷನ್ (ಸಿ ಭಾಷೆಯಲ್ಲಿ ಬರೆದ ಮಾಡ್ಯೂಲ್) ಇಂಪೋರ್ಟ್ ಆದರೂ ಸಾಕು, ಪೈಥಾನ್ ಇಡೀ ಪ್ರೊಸೆಸ್‌ಗೆ ಗಿಲ್ ಮತ್ತೆ ಹಾಕಿಬಿಡುತ್ತದೆ. ನಾನು ಆ ಎಕ್ಸ್‌ಟೆನ್ಷನ್ ಇದ್ದ ಪ್ಯಾಕೇಜ್ ಬೇಕಿರುವ ಭಾಗವನ್ನು ಬೇರೆ ಪ್ರೊಸೆಸ್‌ಗೆ ತಳ್ಳಿದೆ. ಇನ್ನೊಂದು ಎಚ್ಚರಿಕೆ, ಎಲ್ಲ ಥ್ರೆಡ್‌ಗಳೂ ಒಂದೇ ಎಣಿಕೆಗೆ ಒಂದು ಕೂಡಿಸುತ್ತಿದ್ದ ಕಡೆ ಲೆಕ್ಕ ಕಡಿಮೆ ಬಂತು. ಗಿಲ್ ಇದ್ದಾಗಲೂ ಆ ಕೋಡ್ ತಪ್ಪೇ, ಆದರೆ ನನ್ನ ಕಣ್ಣಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಲಾಕ್ ಹಾಕಿದೆ, ಸರಿಯಾಯಿತು.

3.14ರ ಉಳಿದವುಗಳಲ್ಲಿ ನಾನು ದಿನಾ ಬಳಸುತ್ತಿರುವುದು ಎರಡು. ಫೈಲ್ ಕುಗ್ಗಿಸುವ ಝಡ್‌ಸ್ಟ್ಯಾಂಡರ್ಡ್ ಈಗ ಪೈಥಾನ್ ಜೊತೆಗೇ ಬರುತ್ತದೆ. ನನ್ನ ಲಾಗ್‌ಗಳು ಜಿಜಿಪ್‌ಗಿಂತ ಬೇಗ ಕುಗ್ಗಿದವು, ಗಾತ್ರವೂ ಚಿಕ್ಕದು, ಹೊರಗಿನ ಪ್ಯಾಕೇಜ್ ಒಂದು ಕಡಿಮೆಯಾಯಿತು. ಎರಡನೆಯದು, ಓಡುತ್ತಿರುವ ಪ್ರೊಸೆಸ್‌ನ ನಂಬರ್ ಕೊಟ್ಟು ಪಿಡಿಬಿ ಡೀಬಗರನ್ನು ನೇರವಾಗಿ ಅದಕ್ಕೆ ಅಂಟಿಸಬಹುದು. ಪ್ರೋಗ್ರಾಮ್ ಒಂದು ಕಡೆ ನಿಂತುಬಿಟ್ಟಾಗ ಕೊಂದು ಮತ್ತೆ ಶುರು ಮಾಡದೆ, ಒಳಗೆ ಇಣುಕಿ ಎಲ್ಲಿ ನಿಂತಿದೆ ಅಂತ ನೋಡಿದೆ. ನನ್ನ ಯಂತ್ರದಲ್ಲಿ ಇದಕ್ಕೆ ರೂಟ್ ಅನುಮತಿ ಬೇಕಾಯಿತು. ಟಿ-ಸ್ಟ್ರಿಂಗ್ (ಎಫ್-ಸ್ಟ್ರಿಂಗ್ ತರಹವೇ, ಆದರೆ ಭಾಗಗಳನ್ನು ಜೋಡಿಸದೆ ಬಿಡಿಬಿಡಿಯಾಗಿ ಕೊಡುತ್ತದೆ) ಕೂಡ ಬಂದಿದೆ, ಎಸ್‌ಕ್ಯುಎಲ್ ಅಥವಾ ಎಚ್‌ಟಿಎಂಎಲ್ ಕಟ್ಟುವವರಿಗೆ ಒಳ್ಳೆಯದು. ನನ್ನ ಈ ಪ್ರೋಗ್ರಾಮಿನಲ್ಲಿ ಅದಕ್ಕೆ ಜಾಗವಿಲ್ಲ.

ಹಾಗಾದರೆ ಯಾವುದು? 3.11ರಿಂದ 3.12ಕ್ಕೆ ಮಾತ್ರ ಹೋಗಿ ನಿಲ್ಲುವುದು ನನ್ನ ಪ್ರಕಾರ ವ್ಯರ್ಥ. ಡಿಸ್ಟ್‌ಯುಟಿಲ್ಸ್‌ನ ಕಷ್ಟವೆಲ್ಲ ಅಲ್ಲೇ ಪಡುತ್ತೀರಿ, 3.13ರ ಎರರ್ ಸಂದೇಶ ಮಾತ್ರ ಸಿಗುವುದಿಲ್ಲ. ಹೊರಗಿನ ಪ್ಯಾಕೇಜ್‌ಗಳು ಜಾಸ್ತಿ ಇದ್ದು, ಅವುಗಳಲ್ಲಿ ಒಂದೋ ಎರಡೋ 3.14ಕ್ಕೆ ಇನ್ನೂ ಸಿದ್ಧವಿಲ್ಲದಿದ್ದರೆ 3.13ರಲ್ಲಿ ನೆಮ್ಮದಿಯಾಗಿ ಇರಿ. ಅದಕ್ಕೆ 2029ರ ಅಕ್ಟೋಬರ್‌ವರೆಗೂ ಭದ್ರತಾ ತಿದ್ದುಪಡಿ ಇದೆ. ಹೊಸದಾಗಿ ಶುರು ಮಾಡುವವರು 3.14 ಹಾಕಿಕೊಳ್ಳಿ. ನಾನು ಮಾಮೂಲಿ 3.14ಕ್ಕೆ ಬಂದಿದ್ದೇನೆ, ಸಾಲು ಹೆಕ್ಕುವ ಹಂತ ಮಾತ್ರ 3.14ಟಿಯಲ್ಲಿ ಓಡುತ್ತಿದೆ. ಬೇರೆ ಪ್ರೊಸೆಸ್‌ಗೆ ತಳ್ಳಿದ ಆ ಪ್ಯಾಕೇಜ್ ಗಿಲ್ ಇಲ್ಲದೆ ಓಡುವ ದಿನ ಉಳಿದದ್ದನ್ನೂ ಅಲ್ಲಿಗೆ ಸರಿಸಿ, ಮತ್ತೊಮ್ಮೆ ಅಳೆದು ನೋಡುತ್ತೇನೆ.