ಒಂದೇ ಕ್ಯಾಪ್ಸೂಲ್, ಮೂರು ಜೋಡಣೆ

ಅವ್ವ ಹಾಡುವ ಬೀಸುವ ಕಲ್ಲಿನ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಕಲ್ಲಿನ ಸದ್ದೇ ಜಾಸ್ತಿ, ದನಿ ಎಲ್ಲೋ ಹಿಂದೆ. ದನಿಯ ಹತ್ತಿರ ಇಡುವಂಥ ಪುಟ್ಟ ಮೈಕ್ ಬೇಕಿತ್ತು. ಹುಬ್ಬಳ್ಳಿಯಿಂದ ಎಲೆಕ್ಟ್ರೆಟ್ ಕ್ಯಾಪ್ಸೂಲ್, ಅಂದರೆ ಮೈಕಿನಲ್ಲಿ ದನಿ ಹಿಡಿಯುವ ಪುಟ್ಟ ಭಾಗ, ತಂದು, ಧಾರವಾಡದ ಮನೆಯಲ್ಲೇ ಕೂತು ಮಾಡಿದೆ.

ಎಲೆಕ್ಟ್ರೆಟ್ ಕೂಡ ಕಂಡೆನ್ಸರ್ ಮೈಕೇ, ಅಂದರೆ ತೆಳು ಪೊರೆಯ ಅದುರನ್ನು ವಿದ್ಯುತ್ ಚಾರ್ಜಿನ ಮೂಲಕ ಸಿಗ್ನಲ್ ಮಾಡುವಂಥದ್ದು. 1962ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಮಾಡಿದ್ದು. ಇದರಲ್ಲಿ ಚಾರ್ಜ್ ಕಾಯಂ ಆಗಿ ಕೂತಿರುತ್ತದೆ. ಸಿಗ್ನಲ್‌ಗೆ ಬಲ ಕೊಡುವ, ಒಳಗಿನ ಎಫ್‌ಇಟಿ ಎಂಬ ಟ್ರಾನ್ಸಿಸ್ಟರ್‌ಗೆ ಮಾತ್ರ ಚೂರು ಕರೆಂಟ್ ಸಾಕು. ಅದನ್ನು ಎಲ್ಲಿಂದ ಕೊಡುತ್ತೇವೆ ಅನ್ನುವುದರಲ್ಲೇ ಎಲ್ಲ ವ್ಯತ್ಯಾಸ ಇದೆ.

ಮೊದಲು ಲ್ಯಾಪ್‌ಟಾಪ್. ಮೈಕ್ ಸಾಕೆಟ್ಟೇ ಕರೆಂಟ್ ಕೊಡುತ್ತದೆ, ಎರಡು ವೈರ್ ಬೆಸುಗೆ ಹಾಕಿದರೆ ಆಯಿತು. ಕ್ಯಾಪ್ಸೂಲಿನ ಹೊರಕವಚಕ್ಕೆ ಅಂಟಿರುವ ಕಾಲು ಗ್ರೌಂಡ್. ಬೆಸುಗೆ ಬೇಗ ಮುಗಿಸಬೇಕು, ಕಾವು ಹೆಚ್ಚಾದರೆ ಕ್ಯಾಪ್ಸೂಲ್ ಕೆಡುತ್ತದೆ. ಆದರೆ ಚಾರ್ಜರ್ ಹಚ್ಚಿದ ಕೂಡಲೇ ಗುಂಯ್ ಅಂತ ಸದ್ದು. ಚಾರ್ಜರ್ ತೆಗೆದರೂ ಹಿಂದೆ ಸುಂಯ್ ಅನ್ನುವುದು ಉಳಿಯಿತು. ಅವ್ವ ದನಿ ಏರಿಸಿದಲ್ಲಿ ಒಡೆಯಿತು ಕೂಡ. ಸುಮ್ನೆ ಮಾತು ಹಿಡಿಯಲು ಸಾಕು, ಹಾಡಿಗೆ ಸಾಲದು.

ಎರಡನೆಯದು 9 ವೋಲ್ಟಿನ ಬ್ಯಾಟರಿ. ಪ್ಲಸ್‌ನಿಂದ ಕ್ಯಾಪ್ಸೂಲಿಗೆ 4.7 ಕಿಲೋ ಓಮ್ ರೆಸಿಸ್ಟರ್. ಅವೆರಡೂ ಸೇರುವಲ್ಲಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಪುಟ್ಟ ರೆಕಾರ್ಡರ್‌ಗೆ. ಕೆಪಾಸಿಟರ್ ಬ್ಯಾಟರಿಯ ಡಿಸಿ ಕರೆಂಟನ್ನು ತಡೆದು ದನಿಯನ್ನಷ್ಟೇ ಬಿಡುತ್ತದೆ. ಎಲ್ಲವನ್ನೂ ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನೂ ಗ್ರೌಂಡಿಗೆ ಜೋಡಿಸಿದೆ. ಡಬ್ಬಿ ಇಲ್ಲದಾಗ ಟ್ಯೂಬ್‌ಲೈಟ್ ಹಾಕಿದರೆ ಸಾಕು, ಗುಂಯ್ ಅನ್ನುತ್ತಿತ್ತು. ಈಗ ವೋಲ್ಟೇಜ್ ಜಾಸ್ತಿ ಇರುವುದರಿಂದ ಏರುದನಿಯೂ ಒಡೆಯಲಿಲ್ಲ. ಕ್ಯಾಪ್ಸೂಲ್ ಎಳೆಯುವುದು ಅರ್ಧ ಮಿಲಿಯಾಂಪಿಯರ್ ಅಷ್ಟೇ, ಹಾಗಾಗಿ ಬ್ಯಾಟರಿ ಬಹಳ ದಿನ ಬರುತ್ತದೆ. ಸ್ವಿಚ್ ಮಾತ್ರ ಇಡಲೇಬೇಕು. ಹಾಕಿ ಕೇಳಿಸಿದಾಗ ಅವ್ವ, ‘ಈಗ ನನ್ನ ದನಿ ನನ್ನಂಗ ಕೇಳಾಕತ್ತೈತಿ ನೋಡು’ ಅಂದಳು. ನನಗೆ ಅಷ್ಟೇ ಬೇಕಿತ್ತು.

ಮೂರನೆಯದು ಆಡಿಯೋ ಇಂಟರ್‌ಫೇಸ್‌ನ, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯ, 48 ವೋಲ್ಟಿನ ಫ್ಯಾಂಟಮ್ ಪವರ್. ಇದು ಮೈಕಿನ ವೈರಿನಲ್ಲೇ ಬರುವ ಕರೆಂಟ್. ಅದನ್ನು ನೇರವಾಗಿ ಕ್ಯಾಪ್ಸೂಲಿಗೆ ಕೊಡಬಾರದು. ರೆಸಿಸ್ಟರ್ ಮತ್ತು ವೋಲ್ಟೇಜನ್ನು ಒಂದು ಮಟ್ಟದಲ್ಲಿ ನಿಲ್ಲಿಸುವ ಝೀನರ್ ಡಯೋಡ್ ಇಟ್ಟು ಇಳಿಸಬೇಕು. ನಾನು ತಪ್ಪು ಜೋಡಿಸಿ ಒಂದು ಕ್ಯಾಪ್ಸೂಲ್ ಸುಟ್ಟೆ, ಬೇಜಾರಾಯಿತು. ಸರಿಯಾದ ಮೇಲೆ ಕೇಳಿದರೆ ಬ್ಯಾಟರಿಗಿಂತ ದನಿ ಉತ್ತಮ ಅಂತ ನನ್ನ ಕಿವಿಗೆ ಅನಿಸಲಿಲ್ಲ. ಇದರ ಲಾಭ ಉದ್ದ ವೈರಿನಲ್ಲಿ. ಎರಡೂ ವೈರಿಗೆ ಒಂದೇ ತೆರನಾಗಿ ಸೇರುವ ಸದ್ದನ್ನು ಕಳೆದುಹಾಕುವ ಬ್ಯಾಲೆನ್ಸ್ಡ್ ಜೋಡಣೆಯಾದ್ದರಿಂದ ಹತ್ತು ಮೀಟರ್ ಎಳೆದರೂ ಗುಂಯ್ ಸೇರಲಿಲ್ಲ. ಗುಡಿಯ ಭಜನೆಗೆ ಇದನ್ನೇ ಒಯ್ಯುತ್ತೇನೆ. ಅವ್ವ ಕಲ್ಲಿನ ಮುಂದೆ ಕೂತಾಗ ಮಾತ್ರ ತಗಡಿನ ಡಬ್ಬಿಯೇ ಹೊರಬರುತ್ತದೆ.