ಹಳೆಯ ಗ್ಲೋ ಎಂಜಿನ್ನಿಗೆ ಇಂಧನ ಮುಟ್ಟಿಸುವ ದಾರಿಗಳು: ಬರೀ ಹೀರುವಿಕೆ, ಮಫ್ಲರ್ ಒತ್ತಡ, ಯುನಿಫ್ಲೋ, ಕ್ರ್ಯಾಂಕ್‌ಕೇಸ್ ಒತ್ತಡ

ನೆಲದ ಮೇಲೆ ಗಂಟಲು ಬಿಟ್ಟು ಓಡುವ ಪುಟ್ಟ ಮಾದರಿ ವಿಮಾನದ ಎಂಜಿನ್, ವಿಮಾನ ಮೂತಿ ಎತ್ತಿದೊಡನೆ ಬಿಕ್ಕಿ ನಿಂತರೆ ಎಲ್ಲರೂ ಮೊದಲು ಬೈಯುವುದು ಕಾದ ತಂತಿಯಿಂದ ಇಂಧನ ಹೊತ್ತಿಸುವ ಗ್ಲೋ ಪ್ಲಗ್ಗನ್ನು. ಅದನ್ನು ಬದಲಿಸಿದ ಮೇಲೂ ಹಾಗೇ ನಿಂತರೆ ಇಂಧನದ ಹರಿವು ಹೊಂದಿಸುವ ತಿರುಪುಸೂಜಿಯನ್ನು, ಅಂದರೆ ನೀಡಲ್ ಅನ್ನು, ತಿರುಗಿಸಲು ಶುರು. ತಪ್ಪು ಹೆಚ್ಚಾಗಿ ಇರುವುದು ಟ್ಯಾಂಕಿನಿಂದ, ಕಾರ್ಬೊರೇಟರಿನೊಳಗೆ ಇಂಧನ ಬಿಡುವ ಸಣ್ಣ ಕೊಳವೆಯಾದ ಸ್ಪ್ರೇಬಾರ್‌ವರೆಗಿನ ಒಂದು ಗೇಣು ದಾರಿಯಲ್ಲಿ. ಆ ದಾರಿಯನ್ನು ನಾಲ್ಕು ಬಗೆಯಲ್ಲಿ ಜೋಡಿಸಿ ನೋಡಿದ ಹೋಲಿಕೆ ಇದು. ಎಂಜಿನ್ ಎರಡು: ಓಎಸ್ ಮ್ಯಾಕ್ಸ್ 40 ಎಫ್‌ಪಿ (6.5 ಸಿಸಿ) ಮತ್ತು ಅದಕ್ಕಿಂತ ಹಳೆಯ, ಚಿಕ್ಕ ಬಾಯಿಯ ಕಾರ್ಬೊರೇಟರ್ ಇರುವ ಎನ್ಯಾ 35. ಎರಡಕ್ಕೂ ಒಂದೇ 240 ಮಿಲೀ ಟ್ಯಾಂಕ್, ಒಂದೇ 10×6 ಇಂಚಿನ ಪ್ರಾಪ್ (ಪ್ರೊಪೆಲ್ಲರ್), ಒಂದೇ ಇಂಧನ. ಬೆಂಚಿನ ಕೆಲಸ ಬೆಳಗಾವಿಯಲ್ಲಿ. ಹಾರಾಟ ವಿಜಯಪುರದ ಆಚೆ, ಬಿಳಿಜೋಳದ ರಾಶಿ ಮುಗಿದ ಎರಿ ಹೊಲದಲ್ಲಿ. ಸಾಂಬ್ರಾ ವಿಮಾನ ನಿಲ್ದಾಣದ ಸುತ್ತ ಇಂಥದ್ದನ್ನು ಹಾರಿಸುವ ಮಾತೇ ಬೇಡ.

ಹೋಲಿಸುವ ಮೊದಲು

ಗಾಳಿ ಸೋರುವ ಎಂಜಿನ್ ಮೇಲೆ ಮಾಡಿದ ಹೋಲಿಕೆ ಯಾವ ಲೆಕ್ಕಕ್ಕೂ ಬಾರದು. ಒತ್ತಡ ಕೊಟ್ಟರೆ ಸೋರಿಕೆ ಕಣ್ಣಿಗೆ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ. ಹಾಗಾಗಿ ಮೊದಲು ಟ್ಯಾಂಕ್ ಬಿಚ್ಚಿ, ಒಂದು ನಳಿಗೆ ಬಿಟ್ಟು ಉಳಿದವನ್ನು ಮುಚ್ಚಿ, 20 ಮಿಲೀ ಸಿರಿಂಜಿನಿಂದ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸಬೇಕು. ಗುಳ್ಳೆ ಬಂದರೆ ಅದು ಬಹುತೇಕ ರಬ್ಬರ್ ಬಿರಡೆಯಿಂದಲೇ. ಬಿರಡೆಯ ಸ್ಕ್ರೂ ಬಿಗಿಮಾಡಿದರೂ ನಿಲ್ಲದಿದ್ದರೆ ರಬ್ಬರ್ ಗಟ್ಟಿಯಾಗಿದೆ ಎಂದೇ ಅರ್ಥ. ಹೊಸದು ಹಾಕಿ.

ಟ್ಯಾಂಕಿನ ಒಳಗಿನ ಕ್ಲಂಕ್ ಪೈಪು (ತುದಿಗೆ ಕ್ಲಂಕ್ ಎಂಬ ತೂಕದ ಗುಂಡು ಇರುವ, ಇಂಧನ ಹೀರುವ ಮೆತ್ತನೆಯ ಪೈಪು) ಇನ್ನೂ ಮೋಸದ್ದು. ಹಿತ್ತಾಳೆ ನಳಿಗೆಯ ಅಂಚು ತಾಗುವ ಜಾಗದಲ್ಲಿ ಅದು ಕೂದಲೆಳೆಯಷ್ಟು ಸೀಳುತ್ತದೆ. ಟ್ಯಾಂಕ್ ತುಂಬಿದ್ದಾಗ ಸೀಳು ಇಂಧನದೊಳಗೇ ಇರುವುದರಿಂದ ಎಂಜಿನ್ ಚೆನ್ನಾಗಿ ಓಡುತ್ತದೆ. ಮಟ್ಟ ಸೀಳಿಗಿಂತ ಕೆಳಗಿಳಿದಾಗ ಅಲ್ಲಿಂದ ಗಾಳಿ ಹೀರಲು ತೊಡಗಿ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕ ಇಂಧನ ಸಾಲದಾಗುತ್ತದೆ. ಅರ್ಧ ಟ್ಯಾಂಕ್ ಸರಿ, ಉಳಿದರ್ಧ ಕೆಟ್ಟದ್ದು ಎನ್ನುವ ದೂರು ಬಂದರೆ ನೀಡಲ್ ಮುಟ್ಟದೆ ಈ ಪೈಪನ್ನು ಬೆರಳ ನಡುವೆ ಎಳೆದು ನೋಡಿ. ಪೈಪಿನ ಉದ್ದವೂ ಮುಖ್ಯ: ಕ್ಲಂಕ್ ಹಿಂಗೋಡೆಗೆ 6ರಿಂದ 8 ಮಿಮೀ ಮೊದಲೇ ನಿಲ್ಲಬೇಕು, ಟ್ಯಾಂಕ್ ತಿರುಗಿಸಿದರೆ ಟಕ್ ಟಕ್ ಎಂದು ಎಲ್ಲ ಗೋಡೆಗೂ ಬೀಳಬೇಕು. ವಿಮಾನ ಮೂತಿಗೊಟ್ಟು ಇಳಿದ ಮೇಲೆ ಕ್ಲಂಕ್ ಮುಂದಕ್ಕೆ ಮಡಚಿಕೊಂಡು ಅಲ್ಲೇ ಕೂತಿರುವುದುಂಟು. ಹೊರಗಿನಿಂದ ನೋಡಿದರೆ ಏನೂ ತಿಳಿಯದು.

ಮೂರನೆಯದು ನೀಡಲ್‌ನ ಥ್ರೆಡ್. ನಲವತ್ತು ವರ್ಷ ತಿರುಗಿದ ಥ್ರೆಡ್ ಸವೆದು, ಅದರ ಸಂದಿನಿಂದ ಗಾಳಿ ನೇರ ಸ್ಪ್ರೇಬಾರ್ ಒಳಕ್ಕೆ ಹೋಗುತ್ತದೆ. ಸೆಟ್ಟಿಂಗ್ ಒಂದು ಕಡೆ ನಿಲ್ಲುವುದೇ ಇಲ್ಲ. ನೀಡಲ್ ಮತ್ತು ಅದರ ಹಿಡಿಕೆಯ ಕೂಡು ಜಾಗದ ಮೇಲೆ 5 ಮಿಮೀ ಸಿಲಿಕೋನ್ ಪೈಪಿನ ತುಂಡನ್ನು ತೋಳಿನಂತೆ ಏರಿಸಿದರೆ ಸಾಕು. ಅಷ್ಟರಿಂದ ನಿಲ್ಲದಿದ್ದರೆ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಯಾವುದಾದರೂ ಲೇಥಿನವರ ಕೈಯಲ್ಲಿ ಹೊಸ ಸ್ಪ್ರೇಬಾರ್ ತಿರುಗಿಸಿಕೊಳ್ಳಬಹುದು. ಹಳೆಯದನ್ನು ಮಾದರಿಗೆ ಕೊಡಿ. ರಂಧ್ರದ ಅಳತೆಯನ್ನು ಬಾಯಿಮಾತಿನಲ್ಲಿ ಹೇಳಬೇಡಿ.

ಇಂಧನ ಮತ್ತು ಹವೆ

ಮಿಶ್ರಣ ನೈಟ್ರೋ (ಶಕ್ತಿ ಹೆಚ್ಚಿಸಲು ಬೆರೆಸುವ ನೈಟ್ರೋಮೀಥೇನ್) ಇಲ್ಲದ್ದು: ಒಂದು ಲೀಟರಿಗೆ 780 ಮಿಲೀ ಮೆಥನಾಲ್, 220 ಮಿಲೀ ಔಡಲ ಎಣ್ಣೆ. ಎರಡೂ ಬುಷ್ ಎಂಜಿನ್, ಅಂದರೆ ದಂಡ ತಿರುಗುವುದು ಬರೀ ಲೋಹದ ಬಳೆಯಲ್ಲಿ, ಬಾಲ್ ಬೇರಿಂಗ್ ಇಲ್ಲ. ಎಣ್ಣೆ ಇದಕ್ಕಿಂತ ಕಡಿಮೆ ಮಾಡುವುದು ಜಾಣತನವಲ್ಲ. ಔಡಲ ಎಣ್ಣೆ ನಮ್ಮ ಕಡೆ ಮನೆಮನೆಯಲ್ಲಿ ಇರುವುದರಿಂದ ಒಂದು ಎಚ್ಚರಿಕೆ. ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ತೇಲಿದ್ದನ್ನು ತೆಗೆದ ಊರ ಎಣ್ಣೆ ಕೂಸಿನ ನೆತ್ತಿಗೆ ಒಳ್ಳೆಯದು, ಎಂಜಿನ್ನಿಗಲ್ಲ. ಅದರಲ್ಲಿ ತೇವವೂ ಅಂಟೂ ಉಳಿದಿರುತ್ತವೆ. ಅಂಟು ತೆಗೆದು ಶುದ್ಧಮಾಡಿದ್ದೇ ಬೇಕು. ಪರೀಕ್ಷೆ ಸುಲಭ: ಬೆರೆಸಿದ್ದನ್ನು ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಮಸುಕು ಕಂಡರೆ ಅಥವಾ ತಳದಲ್ಲಿ ಗಷ್ಟು ಕೂತರೆ ಆ ಬಾಟಲಿ ಬೇಡ. ಬೆಳಗಾವಿಯ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಿದ್ದರೂ ಇದೇ ಗತಿ, ಏಕೆಂದರೆ ಮೆಥನಾಲ್ ಗಾಳಿಯ ತೇವ ಕುಡಿಯುತ್ತದೆ, ನೀರು ಹೆಚ್ಚಿದಂತೆ ಎಣ್ಣೆಯನ್ನು ಬಿಟ್ಟುಕೊಡುತ್ತದೆ. ಮೆಥನಾಲ್ ವಿಷ, ಚರ್ಮದಿಂದಲೂ ಒಳಹೋಗುತ್ತದೆ. ಅದರ ಬೆಂಕಿ ಬಿಸಿಲಲ್ಲಿ ಕಾಣುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಬಾಯಲ್ಲಿ ಪೈಪು ಹೀರಬೇಡಿ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ವಿಜಯಪುರ 600ಕ್ಕೆ ಸ್ವಲ್ಪ ಕಡಿಮೆ. ಎತ್ತರದಲ್ಲಿ ಗಾಳಿ ತೆಳು, ಆದ್ದರಿಂದ ಬೆಳಗಾವಿಯಲ್ಲಿ ನೀಡಲ್ ಹೆಚ್ಚು ಮುಚ್ಚಬೇಕು ಅನಿಸುತ್ತದೆ. ಆಗುವುದು ತಿರುಗುಮುರುಗು. 15 ಡಿಗ್ರಿಯ ಬೆಳಗಾವಿ ಚಳಿ ಮುಂಜಾವಿಗಿಂತ 40 ಡಿಗ್ರಿಯ ವಿಜಯಪುರ ಮಧ್ಯಾಹ್ನದ ಗಾಳಿ ಲೆಕ್ಕಕ್ಕೆ ಸುಮಾರು ನೂರಕ್ಕೆ ಆರರಷ್ಟು ತೆಳು. ಮೇಲಾಗಿ ಬಿಸಿಗೆ ಔಡಲ ಎಣ್ಣೆ ತೆಳ್ಳಗಾಗಿ ಇಂಧನ ಸರಾಗ ಹರಿಯುತ್ತದೆ. ಎರಡೂ ಸೇರಿ ರಿಚ್, ಅಂದರೆ ಗಾಳಿಗೆ ಮೀರಿದ ಇಂಧನ. ಬೆಳಗಾವಿಯಲ್ಲಿ ಹೊಂದಿಸಿದ ನೀಡಲ್ ವಿಜಯಪುರದಲ್ಲಿ ಮೂರು ನಾಲ್ಕು ಕ್ಲಿಕ್ ಮುಚ್ಚಬೇಕಾಗುತ್ತದೆ, ಅಲ್ಲಿಂದ ಮರಳಿ ಬಂದಾಗ ತೆರೆಯುವುದನ್ನು ಮರೆತರೆ ಎಂಜಿನ್ ಸುಡುತ್ತದೆ.

ಬರೀ ಹೀರುವಿಕೆ

ಟ್ಯಾಂಕಿನ ಗಾಳಿ ನಳಿಗೆ ಬಯಲಿಗೆ ತೆರೆದದ್ದು, ಕಾರ್ಬೊರೇಟರಿನ ಸೆಳೆತವೇ ಇಂಧನ ಎತ್ತಬೇಕು. ಇಲ್ಲಿ ಟ್ಯಾಂಕ್ ಎಲ್ಲಿ ಕೂತಿದೆ ಎನ್ನುವುದೇ ಎಲ್ಲ. ಟ್ಯಾಂಕಿನ ನಡುಗೆರೆ ಸ್ಪ್ರೇಬಾರ್ ನೇರಕ್ಕೆ ಅಥವಾ ಹೆಚ್ಚೆಂದರೆ 10 ಮಿಮೀ ಕೆಳಗೆ ಇರಬೇಕು, ಎಂಜಿನ್ನಿನ ಹಿಂದಿನ ಗೋಡೆಗೆ ಒತ್ತಿಕೊಂಡಂತೆ ಇರಬೇಕು. ವಿಮಾನ ನೆಟ್ಟಗೆ ನಿಂತಾಗ ಕ್ಲಂಕ್‌ನಿಂದ ಸ್ಪ್ರೇಬಾರ್‌ವರೆಗೆ 20 ಸೆಂಮೀ ಅಂತರವಿದ್ದರೆ ಕಾರ್ಬೊರೇಟರ್ ಅಷ್ಟನ್ನೂ ಎತ್ತಬೇಕು. ಈ ಇಂಧನದ ತೂಕಕ್ಕೆ ಅದು ಸುಮಾರು 16.5 ಸೆಂಮೀ ನೀರಿನ ಕಂಬ.

ಎನ್ಯಾ ಇದನ್ನು ಲೀಲಾಜಾಲ ಎತ್ತಿತು. ಬಾಯಿ ಚಿಕ್ಕದು, ಗಾಳಿ ಜೋರಾಗಿ ನುಗ್ಗುತ್ತದೆ, ಸೆಳೆತ ಗಟ್ಟಿ. ನೀಡಲ್ ಎರಡೂವರೆ ಸುತ್ತಿನ ಆಸುಪಾಸು, ಮೂತಿ ಎತ್ತಿ ಹಿಡಿದರೆ ಸದ್ದು ಸ್ವಲ್ಪ ಏರಿ ಅಲ್ಲೇ ನಿಂತಿತು. 40 ಎಫ್‌ಪಿಯ ಬಾಯಿ ದೊಡ್ಡದು, ಸೆಳೆತ ಮೆತ್ತಗೆ. ಅದು ಮೂತಿ ಎತ್ತಿದಾಗ ಮೊದಲು ಕೀರಲು ದನಿಗೆ ಏರಿ, ನಂತರ ಕುಸಿಯಿತು. ಆ ಕೀರಲೇ ಲೀನ್‌ನ ಸೂಚನೆ. ನೆಲದ ಮೇಲೆ ಬೇಕಾದ್ದಕ್ಕಿಂತ ರಿಚ್ ಇಟ್ಟು ಹಾರಿಸಿದರೆ ಏರುವಾಗ ಸರಿಹೋಗುತ್ತದೆ, ಮಟ್ಟದ ಹಾರಾಟದಲ್ಲಿ ಗೊರಗೊರ ಎನ್ನುತ್ತದೆ. ಟ್ಯಾಂಕಿನ ಕೊನೆಯ ಭಾಗದಲ್ಲಿ ಮಟ್ಟ ಇಳಿದಂತೆ ಎರಡೂ ಎಂಜಿನ್ ಒಂದಿಷ್ಟು ಲೀನ್ ಆದವು. ಎನ್ಯಾದಲ್ಲಿ ಕಿವಿಗೆ ಮಾತ್ರ ತಿಳಿಯುವಷ್ಟು, ಎಫ್‌ಪಿಯಲ್ಲಿ ಇಳಿಸಲೇಬೇಕಾದಷ್ಟು.

ಮಫ್ಲರ್ ಒತ್ತಡ

ಮಫ್ಲರಿನ ನಿಪ್ಪಲ್‌ನಿಂದ ಟ್ಯಾಂಕಿನ ಗಾಳಿ ನಳಿಗೆಗೆ ಒಂದು ಪೈಪು, ಅಷ್ಟೇ. ಥ್ರಾಟಲ್ ಏರಿದಂತೆ ಒತ್ತಡ ಏರುತ್ತದೆ, ಇಳಿಸಿದಂತೆ ಇಳಿಯುತ್ತದೆ. ಇದರ ಹೆಚ್ಚುಗಾರಿಕೆ ಇರುವುದು ಈ ಏರಿಳಿತದಲ್ಲೇ, ಒತ್ತಡದ ಪ್ರಮಾಣದಲ್ಲಲ್ಲ. 40 ಎಫ್‌ಪಿಯಲ್ಲಿ ನೀಡಲನ್ನು ಅರ್ಧದಿಂದ ಮುಕ್ಕಾಲು ಸುತ್ತು ಮುಚ್ಚಬೇಕಾಯಿತು. ಮೂತಿ ಎತ್ತಿದಾಗಿನ ಕುಸಿತ ಹೋಯಿತು, ಟ್ಯಾಂಕಿನ ಕೊನೆಯವರೆಗೂ ಒಂದೇ ದನಿ.

ಒತ್ತಡ ಸೇರಿಸಿದ ಮೇಲೆ ಐಡಲ್ (ಥ್ರಾಟಲ್ ಇಳಿಸಿದಾಗಿನ ನಿಧಾನ ಓಟ) ಮರುಹೊಂದಿಸಲೇಬೇಕು. ಎಫ್‌ಪಿಯದು ಏರ್ ಬ್ಲೀಡ್ ಕಾರ್ಬೊರೇಟರ್. ಮುಂದಿನ ಸಣ್ಣ ಸ್ಕ್ರೂ ಒಳಕ್ಕೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಐಡಲ್ ರಿಚ್ ಆಗುತ್ತದೆ, ಹೊರಕ್ಕೆ ತಿರುಗಿಸಿದರೆ ಲೀನ್. ಎರಡು ನೀಡಲ್ ಇರುವ ಕಾರ್ಬೊರೇಟರಿನಲ್ಲಿ ಇದು ಸರಿಯಾಗಿ ತಲೆಕೆಳಗು. ಎರಡನ್ನೂ ಇಟ್ಟುಕೊಂಡವರು ಇಲ್ಲೇ ಎಡವುವುದು. ಕ್ರಮ ಹೀಗೆ: ಪೂರ್ತಿ ಥ್ರಾಟಲ್‌ನಲ್ಲಿ ಗರಿಷ್ಠ ವೇಗ ಹುಡುಕಿ, ಟ್ಯಾಕೋಮೀಟರ್ ನೋಡುತ್ತ 300ರಿಂದ 400 ಆರ್‌ಪಿಎಂ ಕೆಳಗೆ ಬರುವಷ್ಟು ನೀಡಲ್ ತೆರೆಯಿರಿ. ಇಂಧನದ ಪೈಪನ್ನು ಒಂದು ಕ್ಷಣ ಹಿಸುಕಿ ಬಿಡಿ. ವೇಗ ತುಸು ಏರಿದರೆ ಸರಿ, ಏರದೆ ಸೀದಾ ಬಿದ್ದರೆ ಇನ್ನೂ ಲೀನ್. ಇದಾದ ಮೇಲೆ ಐಡಲ್‌ನಲ್ಲಿ ಹತ್ತು ಸೆಕೆಂಡ್ ಬಿಟ್ಟು ಥ್ರಾಟಲ್ ಒಮ್ಮೆಲೇ ತೆರೆಯಿರಿ. ಹೊಗೆ ಕಾರುತ್ತ ತಡವರಿಸಿದರೆ ಐಡಲ್ ರಿಚ್. ಸದ್ದಿಲ್ಲದೆ ಪಟಕ್ಕನೆ ನಿಂತರೆ ಲೀನ್.

ತೊಂದರೆ ಇಲ್ಲದಿಲ್ಲ. ನಿಪ್ಪಲ್‌ನ ಕಿಂಡಿಯಲ್ಲಿ ಇದ್ದಿಲೂ ಸುಟ್ಟ ಔಡಲವೂ ಸೇರಿ ಡಾಂಬರಿನಂತೆ ಕಟ್ಟುತ್ತದೆ. ಒತ್ತಡ ಮೆಲ್ಲಗೆ ಸಾಯುತ್ತದೆ, ಮತ್ತೆ ಗ್ಲೋ ಪ್ಲಗ್ಗಿಗೆ ಬೈಗುಳ. ಕೆಲವು ಹಾರಾಟಕ್ಕೊಮ್ಮೆ ಸಣ್ಣ ತಂತಿ ಆಡಿಸಿ. ಟ್ಯಾಂಕ್ ತುಂಬುವಾಗ ಮಫ್ಲರ್ ಕಡೆಯ ಪೈಪು ಕಳಚಿಡದಿದ್ದರೆ ಇಂಧನ ಉಕ್ಕಿ ಮಫ್ಲರಿಗೇ ಹೋಗಿ, ಅಲ್ಲಿಂದ ಸಿಲಿಂಡರಿಗೆ ಇಳಿದು ಪ್ರಾಪ್ ತಿರುಗದಂತೆ ಕಟ್ಟಿಕೊಳ್ಳುತ್ತದೆ. ಆಗ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ ಹೊರಚೆಲ್ಲಿಸಿ. ಹಳೆಯ ಮಫ್ಲರಿಗೆ ನಿಪ್ಪಲ್ ಇರದಿದ್ದರೆ ಕೂರಿಸಬಹುದು: ಎಂ3 ಥ್ರೆಡ್ಡಿನದಾದರೆ 2.5 ಮಿಮೀ ಡ್ರಿಲ್, ಟ್ಯಾಪ್, ಒಳಗೆ ಅಲ್ಯೂಮಿನಿಯಂ ಚೂರು ಉಳಿಯದಂತೆ ತೊಳೆತ. ಮಫ್ಲರ್ ಎಂಜಿನ್ ಮೇಲಿರುವಾಗ ಕೊರೆಯಬೇಡಿ.

ಎನ್ಯಾಕ್ಕೆ ಮಫ್ಲರ್ ಒತ್ತಡ ಕೊಟ್ಟು ಗಳಿಸಿದ್ದು ಕಡಿಮೆ, ಕಳೆದದ್ದು ನೀಡಲ್‌ನ ನಯ. ಮೊದಲು ಎರಡು ಕ್ಲಿಕ್ಕಿಗೆ ಆಗುತ್ತಿದ್ದ ವ್ಯತ್ಯಾಸ ಈಗ ಒಂದೇ ಕ್ಲಿಕ್ಕಿಗೆ ಆಗಿಬಿಡುತ್ತದೆ.

ಯುನಿಫ್ಲೋ

ಇದು ಹಗ್ಗ ಕಟ್ಟಿ ಹಾರಿಸುವ ಕಂಟ್ರೋಲ್‌ಲೈನ್‌ನವರ ಜಾಣ್ಮೆ. ಗಾಳಿ ನಳಿಗೆಯ ತುದಿಯನ್ನು ಟ್ಯಾಂಕಿನ ಹಿಂಭಾಗಕ್ಕೆ, ಇಂಧನ ಎತ್ತುವ ತುದಿಯ ಹತ್ತಿರಕ್ಕೆ ಒಯ್ಯುವುದು. ತುಂಬಿದ ಮೇಲೆ ಇನ್ನೊಂದು ನಳಿಗೆಯನ್ನು ಪೂರ್ತಿ ಮುಚ್ಚುವುದು. ಗಾಳಿ ಒಳಬರುವ ಜಾಗದಲ್ಲೇ ಒತ್ತಡ ನಿಲ್ಲುವುದರಿಂದ ಮೇಲಿನ ಇಂಧನದ ಮಟ್ಟ ಎಷ್ಟೇ ಇಳಿಯಲಿ, ಎಂಜಿನ್ನಿಗೆ ಟ್ಯಾಂಕ್ ಸದಾ ಒಂದೇ ಮಟ್ಟದಲ್ಲಿ ಇದ್ದಂತೆ ತೋರುತ್ತದೆ. ಎನ್ಯಾದಲ್ಲಿ ಕೊನೆಯ ಭಾಗದ ಲೀನ್ ಇದರಿಂದ ಹೋಯಿತು. ಆ ಎಂಜಿನ್ನಿಗೆ ನಮ್ಮ ಆಯ್ಕೆ ಇದೇ.

ಆದರೆ ಕ್ಲಂಕ್ ಓಡಾಡುವ ಟ್ಯಾಂಕಿನಲ್ಲಿ ಗಾಳಿ ನಳಿಗೆ ಸ್ಥಿರ, ಕ್ಲಂಕ್ ಚಂಚಲ. ಎರಡೂ ತೀರ ಹತ್ತಿರ ಬಂದರೆ ಗುಳ್ಳೆ ಸೀದಾ ಇಂಧನದ ಪೈಪಿಗೆ ನುಗ್ಗುತ್ತದೆ. ಸುಮಾರು 12 ಮಿಮೀ ಅಂತರ ಇಟ್ಟಾಗ ಗುಳ್ಳೆ ನಿಂತಿತು. 40 ಎಫ್‌ಪಿಗೆ ಯುನಿಫ್ಲೋ ಒಂದೇ ಸಾಲದು. ಅದರ ಕೊರತೆ ಮಟ್ಟದ್ದಲ್ಲ, ಸೆಳೆತದ್ದು.

ಕ್ರ್ಯಾಂಕ್‌ಕೇಸ್ ಒತ್ತಡ, ಪಂಪು, ಬಲೂನು

ಎಂಜಿನ್ನಿನ ಹಿಂಬದಿಯ ತಟ್ಟೆಗೆ ನಿಪ್ಪಲ್, ನಡುವೆ ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಅಲ್ಲಿಂದ ಟ್ಯಾಂಕಿಗೆ. ಒತ್ತಡ ಮಫ್ಲರಿಗಿಂತ ಬಹಳ ಹೆಚ್ಚು. ನೀಡಲ್ ಒಂದು ಸುತ್ತಿಗೂ ಕಡಿಮೆ ತೆರೆಯಬೇಕಾಗಿ, ಒಂದು ಕ್ಲಿಕ್ ಅತ್ತ ಹೋದರೆ ಮುಳುಗಿತು, ಇತ್ತ ಬಂದರೆ ಬತ್ತಿತು. ಥ್ರಾಟಲ್ ಇಳಿಸಿದಾಗಲೂ ಟ್ಯಾಂಕಿನ ಒತ್ತಡ ಬೇಗ ಇಳಿಯದೆ ಐಡಲ್ ಉಸಿರುಗಟ್ಟುತ್ತದೆ. ಎಂಜಿನ್ ನಿಂತ ಮೇಲೂ ಇಂಧನ ಹರಿಯುತ್ತಲೇ ಇರುವುದರಿಂದ ಪೈಪಿಗೆ ಕ್ಲಿಪ್ ಹಾಕಬೇಕು. ವಾಲ್ವಿನೊಳಗಿನ ಪುಟ್ಟ ಗುಂಡು ಔಡಲದ ಅಂಟಿಗೆ ಹಿಡಿದುಕೊಂಡರೆ ಏನೂ ಇಲ್ಲ. ಪೂರ್ತಿ ಥ್ರಾಟಲ್‌ನಲ್ಲೇ ಓಡುವ ರೇಸ್ ವಿಮಾನಕ್ಕೆ ಸರಿ. ಉಬ್ಬಿದ ರಬ್ಬರ್ ಚೀಲವೇ ಇಂಧನವನ್ನು ಒತ್ತಿ ಕಳಿಸುವ ಬಲೂನಿನ ಟ್ಯಾಂಕೂ ಅದೇ ಜಾತಿ, ಅದೇ ದೋಷ. ಪಂಪು ಒಳ್ಳೆಯದೇ, ಟ್ಯಾಂಕನ್ನು ರೆಕ್ಕೆಯ ಕೆಳಗೆ ಇಡಲೇಬೇಕಾದಾಗ ಬೇರೆ ಗತಿಯೂ ಇಲ್ಲ. ಆದರೆ ಔಡಲ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಕೂತರೆ ಅದರ ಪರದೆಯೂ ವಾಲ್ವೂ ಅಂಟಿಕೊಳ್ಳುತ್ತವೆ. 6.5 ಸಿಸಿಯ ಎಂಜಿನ್ನಿಗೆ ಅಷ್ಟು ಉಪಚಾರ ದಂಡ.

ಪೈಪು, ಜಾಲರಿ, ನೊರೆ

ಮೆಥನಾಲಿಗೆ ಸಿಲಿಕೋನ್ ಪೈಪು, ಒಳ ಅಳತೆ 2.5 ಮಿಮೀ. ಪೆಟ್ರೋಲಿಗೂ ಈಥರ್ ಇರುವ ಡೀಸೆಲ್ ಮಿಶ್ರಣಕ್ಕೂ ಅದು ಬೇಡ, ಉಬ್ಬಿ ಮೆತ್ತಗಾಗುತ್ತದೆ. ಅಕ್ವೇರಿಯಂ ಪೈಪು, ಸಲೈನ್ ಪೈಪು ಕೈಗೆ ಸುಲಭವಾಗಿ ಸಿಗುತ್ತವೆ, ಎರಡೂ ಪಿವಿಸಿ. ಮೆಥನಾಲ್ ಅವುಗಳ ಮೆದುತನವನ್ನು ಹೀರಿ ಕಡ್ಡಿ ಮಾಡಿಬಿಡುತ್ತದೆ.

ಎರಿ ಮಣ್ಣಿನ ಧೂಳು ಹಿಟ್ಟಿನಂತೆ. ಅದು ಡಬ್ಬಿಯಿಂದ ಟ್ಯಾಂಕಿಗೆ ತುಂಬುವಾಗಲೇ ಒಳಸೇರುತ್ತದೆ. ಆದ್ದರಿಂದ ಮೊದಲ ಜಾಲರಿ ತುಂಬುವ ಪೈಪಿಗೆ, ಎರಡನೆಯದು ಕಾರ್ಬೊರೇಟರ್ ಮುಂಚೆ. ಎರಡನೆಯದರ ಕೂಡು ಥ್ರೆಡ್ ಗಾಳಿ ಎಳೆಯುವುದೂ ಉಂಟು. ಅನುಮಾನ ಬಂದರೆ ಅದನ್ನು ತೆಗೆದು ಒಮ್ಮೆ ಓಡಿಸಿ ನೋಡಿ. ಪೈಪಿನಲ್ಲಿ ಸಣ್ಣ ಗುಳ್ಳೆಗಳ ಸಾಲು ಓಡುತ್ತಿದ್ದರೆ ಟ್ಯಾಂಕಿನಲ್ಲಿ ನೊರೆ ಎದ್ದಿದೆ. ಪ್ರಾಪ್ ಸಮತೂಕ ಮಾಡಿ, ಟ್ಯಾಂಕಿಗೆ 6ರಿಂದ 10 ಮಿಮೀ ಸ್ಪಂಜು ಸುತ್ತಿ. ಕೂಳೆ ಹೊಲದಲ್ಲಿ ಇಳಿದಾಗ ತುದಿ ಮುಕ್ಕಾದ ಪ್ರಾಪನ್ನು ಅರದಿಂದ ಉಜ್ಜಿ ಮತ್ತೆ ಹಾಕುವವರ ಟ್ಯಾಂಕಿನಲ್ಲೇ ಈ ನೊರೆ ಹೆಚ್ಚು.

ದಿನದ ಕೊನೆಯ ಹಾರಾಟವಾದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನ ಪೈಪು ಕಳಚಿ, ಎಂಜಿನ್ ಮತ್ತೆ ಚಾಲೂ ಮಾಡಿ ಒಳಗಿರುವುದು ಸುಟ್ಟು ತಾನೇ ನಿಲ್ಲುವವರೆಗೆ ಬಿಡಿ. ಸ್ಪ್ರೇಬಾರ್‌ನಲ್ಲಿ ಉಳಿದ ಔಡಲ ತಿಂಗಳೊಪ್ಪತ್ತಿನಲ್ಲಿ ವಾರ್ನಿಶ್ ಆಗುತ್ತದೆ. ಆಗಿಬಿಟ್ಟಿದ್ದರೆ ನೀಡಲನ್ನು ಇಕ್ಕಳದಿಂದ ತಿರುಚಬೇಡಿ. ಶುದ್ಧ ಮೆಥನಾಲಿನಲ್ಲಿ ಒಂದು ರಾತ್ರಿ ನೆನೆಹಾಕಿ, ಬೆಳಗ್ಗೆ ಬೆರಳಿನಿಂದಲೇ ತಿರುಗುತ್ತದೆ.