ಒಂದೇ ಬಾಯಲ್ಲಿ ಬ್ರಿಡ್ಜ್, ಪ್ಲೇಟ್, ಇಂಪ್ಲಾಂಟ್

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ ಹಲ್ಲು ಕೀಳಿಸಿಕೊಂಡು ಬಂದರೆ ಮುಂದಿನ ಪ್ರಶ್ನೆ ನನ್ನ ಕಡೆ ತಿರುಗುತ್ತದೆ. “ಅಕ್ಕೋರ, ನೀವು ಎಲ್ಲಾ ಹಾಕಿಸ್ಕೊಂಡು ನೋಡೀರಿ. ಯಾವುದು ಚಲೋ ಹೇಳ್ರಿ.” ಹೌದು, ಎಲ್ಲ ನೋಡಿದ್ದೇನೆ. 2011ರಲ್ಲಿ ಅಕ್ಕಪಕ್ಕದ ಹಲ್ಲುಗಳ ಆಸರೆಯ ಮೇಲೆ ಕೂರುವ ಬ್ರಿಡ್ಜ್, 2015ರಲ್ಲಿ ತೆಗೆದು ಹಾಕುವ ಪ್ಲೇಟ್, 2022ರಲ್ಲಿ ದವಡೆಯ ಎಲುಬಿನೊಳಗೆ ಸ್ಕ್ರೂ ಕೂರಿಸಿ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟ್ ಎರಡು. ಬಾಗಲಕೋಟೆಯಲ್ಲಿ ಮೂವತ್ತು ವರ್ಷದಿಂದ ಕನ್ನಡ ಕಲಿಸುತ್ತಿರುವ ನನಗೆ ಹಲ್ಲು ಬೇಕಾಗುವುದು ಎರಡು ಕೆಲಸಕ್ಕೆ. ಮನೆಯಲ್ಲಿ ಕಡಕ್ ರೊಟ್ಟಿ ತಿನ್ನಬೇಕು, ಶಾಲೆಯಲ್ಲಿ ಅಕ್ಷರ ಸರಿಯಾಗಿ ನುಡಿಯಬೇಕು. ನನ್ನ ಹೋಲಿಕೆಯೂ ಈ ಎರಡರ ಸುತ್ತಲೇ ಇದೆ. ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ ಮಾತು: ಹೋದ ಹಲ್ಲಿನ ಚಿಂತೆ ಆಮೇಲೆ ಮಾಡಿ, ಅದರ ಅಕ್ಕಪಕ್ಕ ಉಳಿದಿರುವ ಹಲ್ಲು ಹೇಗಿವೆ ಎಂದು ಮೊದಲು ನೋಡಿಸಿ.

ಇದನ್ನು ನಾನು ಕಲಿತದ್ದು ಎರಡು ಹಲ್ಲು ಕಳೆದುಕೊಂಡ ಮೇಲೆ. 2009ರಲ್ಲಿ ಕೆಳಗಿನ ಎಡಗಡೆಯ ಮೊದಲ ದೊಡ್ಡ ದವಡೆ ಹಲ್ಲು ಹುಳುಕು ಹತ್ತಿ ಕೀಳಿಸಿದೆ. ನೋವು ಹೋಯಿತು, ಒಳಗಿನ ಹಲ್ಲು ಯಾರಿಗೆ ಕಾಣುತ್ತದೆ ಎಂದು ಎರಡು ವರ್ಷ ಹಾಗೇ ಬಿಟ್ಟೆ. ಅಷ್ಟರಲ್ಲಿ ಅದರ ಹಿಂದಿನ ಹಲ್ಲು ಖಾಲಿ ಜಾಗದ ಕಡೆ ವಾಲಿತು. ಎದುರಿಗೆ ತಡೆ ಇಲ್ಲದ್ದರಿಂದ ಮೇಲಿನ ಹಲ್ಲು ಕೆಳಗೆ ಇಳಿಯತೊಡಗಿತು. ಇನ್ನೂ ಬಿಟ್ಟರೆ ಜಾಗವೇ ಉಳಿಯುವುದಿಲ್ಲ ಎಂದಾಗ 2011ರಲ್ಲಿ ಬ್ರಿಡ್ಜ್ ಹಾಕಿಸಿದೆ.

ಬ್ರಿಡ್ಜ್ ಕೆಲಸ ಎಷ್ಟು ಬೇಗ ಮುಗಿಯಿತೆಂದರೆ, ಹತ್ತು ದಿನದಲ್ಲಿ ಎರಡು ಭೇಟಿ, 7,500 ರೂಪಾಯಿ, ಕೂರಿಸಿದ ಮೂರನೆಯ ದಿನಕ್ಕೆ ರೊಟ್ಟಿ ಊಟ. ಅಗಿಯುವಾಗ ನನ್ನದೇ ಹಲ್ಲು ಅನಿಸಿತು. ಈ ಸುಖದ ವಿಷಯದಲ್ಲಿ ಬ್ರಿಡ್ಜನ್ನು ಮೀರಿಸಿದ್ದು ಯಾವುದೂ ಇಲ್ಲ, ಅದನ್ನು ಒಪ್ಪಲೇಬೇಕು. ಆದರೆ ಆ ಸುಖಕ್ಕಾಗಿ ಖಾಲಿ ಜಾಗದ ಹಿಂದಿನದೊಂದು, ಮುಂದಿನದೊಂದು ಹಲ್ಲನ್ನು ಸುತ್ತಲೂ ಒಂದೂವರೆ, ಎರಡು ಮಿಲಿಮೀಟರ್ ಅರೆದಿದ್ದರು. ಮೂರು ಕ್ಯಾಪ್ ಒಂದಕ್ಕೊಂದು ಬೆಸೆದ ತುಂಡು ಕೂರಬೇಕಾದರೆ ಆಧಾರದ ಹಲ್ಲು ಅಷ್ಟು ಸಣ್ಣಗಾಗಲೇಬೇಕು. ನನ್ನ ಆ ಎರಡು ಹಲ್ಲಿನಲ್ಲಿ ಒಂದು ಕರಿ ಚುಕ್ಕೆಯೂ ಇರಲಿಲ್ಲ. ಅರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಇದನ್ನು ಅಂದು ಅರೆದವರು ಹೇಳಲಿಲ್ಲ, ಬೇರೆ ದಾರಿ ಇದೆ ಎಂಬ ಮಾತೂ ಆ ಕ್ಲಿನಿಕ್ಕಿನಲ್ಲಿ ಬರಲಿಲ್ಲ. ನನಗೆ ಈಗಲೂ ಬೇಸರವಿರುವುದು ಇದೊಂದಕ್ಕೇ. ಹೇಳಿದ್ದರೂ ನಾನು ಬ್ರಿಡ್ಜನ್ನೇ ಆರಿಸುತ್ತಿದ್ದೆನೋ ಏನೋ, ಆದರೆ ಆರಿಸುವ ಹಕ್ಕು ನನ್ನದಿತ್ತು.

ಒಂಬತ್ತು ವರ್ಷ ಚೆನ್ನಾಗಿಯೇ ನಡೆಯಿತು. 2020ರಲ್ಲಿ ಬಾಯಿ ವಾಸನೆ ಶುರುವಾಯಿತು. ನೋವು ಬರುವ ಹೊತ್ತಿಗೆ ಎಕ್ಸ್‌ರೇಯಲ್ಲಿ ಹಿಂದಿನ ಆಧಾರದ ಹಲ್ಲು ಕ್ಯಾಪಿನ ಕೆಳಗೆ ಹುಳುಕು ಹತ್ತಿ ಟೊಳ್ಳಾಗಿತ್ತು. ಬ್ರಿಡ್ಜ್ ಕತ್ತರಿಸಿ ತೆಗೆದು 2021ರ ಆರಂಭದಲ್ಲಿ ಆ ಹಲ್ಲನ್ನು ಕಿತ್ತರು. ಮುಂದಿನದನ್ನು ರೂಟ್ ಕೆನಾಲ್ ಮಾಡಿ, ಹೊಸ ಕ್ಯಾಪ್ ಹಾಕಿ ಉಳಿಸಿಕೊಂಡೆವು. ಒಂದು ಹಲ್ಲಿನ ಜಾಗ ತುಂಬಲು ಹೋಗಿ ಎರಡು ಹಲ್ಲಿನ ಜಾಗ ಖಾಲಿಯಾಯಿತು.

ಹಾಗೆಂದು ಬ್ರಿಡ್ಜ್ ಬೇಡವೇ ಬೇಡ ಎನ್ನುವುದಿಲ್ಲ. ನಮ್ಮ ಶಾಲೆಯ ಗಣಿತದ ಸರ್ ಅವರಿಗೆ ಖಾಲಿ ಜಾಗದ ಎರಡೂ ಕಡೆ ಮೊದಲೇ ರೂಟ್ ಕೆನಾಲ್ ಆಗಿದ್ದ ಹಲ್ಲುಗಳಿದ್ದವು. ಹೇಗಿದ್ದರೂ ಕ್ಯಾಪ್ ಹಾಕಿಸಲೇಬೇಕಿತ್ತು. ಅವರು ಬ್ರಿಡ್ಜ್ ಹಾಕಿಸಿಕೊಂಡದ್ದೇ ಸರಿ.

ಪ್ಲೇಟಿನ ಕಥೆ ಬೇರೆ. 2015ರ ಮಳೆಗಾಲದಲ್ಲಿ ಗದ್ದನಕೇರಿ ಕ್ರಾಸ್ ಹತ್ತಿರ ಸ್ಕೂಟಿ ಜಾರಿ ಬಿದ್ದು ಮೇಲಿನ ಮುಂದಿನ ಹಲ್ಲೊಂದು ಬೇರು ಸಮೇತ ಹೋಯಿತು. ಸೋಮವಾರ ಮಕ್ಕಳ ಮುಂದೆ ನಿಲ್ಲಬೇಕು. 1,200 ರೂಪಾಯಿಗೆ ನಾಲ್ಕು ದಿನದಲ್ಲಿ ಅಕ್ರಿಲಿಕ್ ಪ್ಲೇಟ್ ಬಂತು. ಗುಲಾಬಿ ಬಣ್ಣದ ಅಂಗುಳ, ಅದಕ್ಕೊಂದು ಹಲ್ಲು, ಹಿಡಿದುಕೊಳ್ಳಲು ಎರಡು ತಂತಿ.

ವ್ಯಾಕರಣದ ಪಾಠದಲ್ಲಿ ತ ಥ ದ ಧ ನ ದಂತ್ಯಗಳು ಎಂದು ಪ್ರತಿ ವರ್ಷ ಹೇಳಿಕೊಡುತ್ತೇನೆ. ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗಿದರೆ ಮಾತ್ರ ಹುಟ್ಟುವ ಅಕ್ಷರಗಳು. ನನಗೆ ಆ ಪಾಠ ನಿಜವಾಗಿ ಅರ್ಥವಾದದ್ದು ಆ ವರ್ಷ. ದಪ್ಪ ಅಂಗುಳಕ್ಕೆ ನಾಲಿಗೆ ತಡವರಿಸಿ ‘ಸದಾ’ ಎನ್ನಲು ಹೋದರೆ ಗಾಳಿ ಸೀಟಿ ಹೊಡೆಯುತ್ತಿತ್ತು. ಮಕ್ಕಳು ನಗಲಿಲ್ಲ, ಆದರೆ ಉಕ್ತಲೇಖನದಲ್ಲಿ ನಾನು ನುಡಿದಂತೆಯೇ ತಪ್ಪು ಬರೆದರು. ರಾತ್ರಿ ಅಡುಗೆಮನೆಯಲ್ಲಿ ಪಠ್ಯವನ್ನು ಗಟ್ಟಿಯಾಗಿ ಓದಿ ಓದಿ ಸುಮಾರು ಒಂದು ತಿಂಗಳಿಗೆ ನಾಲಿಗೆ ಪಳಗಿತು. ಚಹಾದ ಬಿಸಿ ಅಂಗುಳಕ್ಕೆ ಗೊತ್ತಾಗದ್ದು ಮಾತ್ರ ಕೊನೆಯವರೆಗೂ ಹಾಗೇ ಉಳಿಯಿತು.

2018ರಲ್ಲಿ 6,500 ಕೊಟ್ಟು ಲೋಹದ ಪ್ಲೇಟ್ ಮಾಡಿಸಿದೆ. ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದ್ದು, ಅಕ್ರಿಲಿಕ್ಕಿಗಿಂತ ಎಷ್ಟೋ ತೆಳು, ಅಂಗುಳವನ್ನೂ ಪೂರ್ತಿ ಮುಚ್ಚುವುದಿಲ್ಲ. ಎರಡೇ ದಿನದಲ್ಲಿ ಮಾತು ಸರಿಹೋಯಿತು. ಪ್ಲೇಟ್ ಎಂದರೆ ಎಲ್ಲರ ಕಣ್ಣ ಮುಂದೆ ಬರುವುದು ಆ ದಪ್ಪ ಗುಲಾಬಿ ಅಂಗುಳ. ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ: ಮಾತೇ ಕಸುಬಾದವರು ಮೊದಲ ಸಲವೇ ಲೋಹದ ಪ್ಲೇಟಿನ ಬಗ್ಗೆ ಕೇಳಿ. ಮುಂದಿನ ಹಲ್ಲಿಗೆ ನಾನು ಇವತ್ತಿಗೂ ಪ್ಲೇಟನ್ನೇ ಹಾಕುತ್ತಿದ್ದೇನೆ. ಪೆಟ್ಟು ಬಿದ್ದ ಜಾಗದಲ್ಲಿ ಎಲುಬು ಕಾಗದದಂತೆ ತೆಳುವಾಗಿದೆ. ಅಲ್ಲಿ ಇಂಪ್ಲಾಂಟ್ ಕೂರಿಸಬೇಕಾದರೆ ಮೊದಲು ಎಲುಬು ಕಟ್ಟುವ ಒಂದು ಆಪರೇಷನ್, ತಿಂಗಳುಗಟ್ಟಲೆ ಕಾದು ಮತ್ತೊಂದು. ನಿವೃತ್ತಿಯಾಗುವವರೆಗೆ ಅದು ಬೇಡ ಎಂದುಕೊಂಡಿದ್ದೇನೆ. ಬ್ರಿಡ್ಜ್ ಹಾಕೋಣ ಎಂದವರೂ ಇದ್ದರು. ಗಟ್ಟಿಯಾದ ಎರಡು ಹಲ್ಲನ್ನು ಮತ್ತೆ ಅರೆಯಲು ನಾನು ಒಪ್ಪಲಿಲ್ಲ.

ಇನ್ನು ಇಂಪ್ಲಾಂಟ್. ಕೆಳಗೆ ಖಾಲಿಯಾದ ಎರಡು ಜಾಗದ ಹಿಂದೆ ಆಸರೆಯ ಹಲ್ಲೇ ಉಳಿದಿರಲಿಲ್ಲ, ಹಾಗಾಗಿ ಬ್ರಿಡ್ಜಿನ ಮಾತು ಬರಲಿಲ್ಲ. ಉಳಿದದ್ದು ಪ್ಲೇಟ್ ಇಲ್ಲವೇ ಇಂಪ್ಲಾಂಟ್. 2021ರ ನವೆಂಬರಿನಲ್ಲಿ ಹೊಸ ವೈದ್ಯರ ಹತ್ತಿರ ಹೋದಾಗ ಅವರು ಬಾಯಿ ನೋಡುವ ಮೊದಲು ಸಕ್ಕರೆಯ ರಿಪೋರ್ಟ್ ಕೇಳಿದರು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.6 ಇತ್ತು. “ಮೊದಲು ಸಕ್ರಿ ಕಡಿಮಿ ಮಾಡ್ಕೊಂಡ್ ಬರ್ರಿ ಅಕ್ಕೋರ, ಆಮ್ಯಾಲ ಹಲ್ಲಿನ ಮಾತು ಆಡೂಣು” ಎಂದು ವಾಪಸ್ ಕಳಿಸಿದರು. ಅವತ್ತು ಸಿಟ್ಟು ಬಂತು. ಈಗ ಅವರ ಮೇಲೆ ಗೌರವವಿದೆ. ಸಕ್ಕರೆ ಹತೋಟಿಯಲ್ಲಿಲ್ಲದ ಬಾಯಲ್ಲಿ ಗಾಯ ಮಾಯುವುದು ನಿಧಾನ, ಸೋಂಕು ಬೇಗ. ತಂಬಾಕು, ಗುಟ್ಕಾ, ಸಿಗರೇಟು ಇದ್ದವರಿಗೂ ಇದೇ ಅಪಾಯ. ನಮ್ಮ ಯಜಮಾನರಿಗೆ ಆ ವೈದ್ಯರು, ತಂಬಾಕು ಬಿಡುವವರೆಗೆ ಇಂಪ್ಲಾಂಟ್ ಹಾಕುವುದಿಲ್ಲ ಎಂದು ಖಡಕ್ಕಾಗಿ ಹೇಳಿದ್ದಾರೆ. ದಿನಾ ಸಂಜೆ ನವನಗರದ ರಸ್ತೆಗಳಲ್ಲಿ ನಡೆದು, ಅನ್ನ ಬಿಟ್ಟು, ಮಾತ್ರೆ ಬದಲಿಸಿ ಏಪ್ರಿಲ್‌ಗೆ 6.9ಕ್ಕೆ ತಂದೆ.

ಸ್ಕ್ಯಾನ್ ತೆಗೆದಾಗ ಕಂಡದ್ದನ್ನು ಮರೆಯಲಾರೆ. ಒಂದು ವರ್ಷದ ಹಿಂದೆ ಕಿತ್ತ ಹಿಂದಿನ ಹಲ್ಲಿನ ಜಾಗದಲ್ಲಿ ಎಲುಬು 8 ಮಿಲಿಮೀಟರ್ ಅಗಲ ಇತ್ತು. 2009ರಲ್ಲಿ ಕಿತ್ತು, ಒಂಬತ್ತು ವರ್ಷ ಬ್ರಿಡ್ಜಿನ ಸುಳ್ಳು ಹಲ್ಲು ಮೇಲೆ ನಿಂತಿದ್ದ ಜಾಗದಲ್ಲಿ ಐದೂವರೆ ಮಾತ್ರ. ಬೇರಿನ ಒತ್ತಡ ಸಿಗದ ಎಲುಬು ಕರಗುತ್ತದೆ, ಅದರಲ್ಲೂ ಮೊದಲ ವರ್ಷವೇ ಹೆಚ್ಚು. ಮೇಲೆ ಬ್ರಿಡ್ಜ್ ಎಷ್ಟು ಚೆಂದ ಕಂಡರೂ ಕೆಳಗಿನ ಎಲುಬಿಗೆ ಅದರಿಂದ ಏನೂ ಸಿಗುವುದಿಲ್ಲ. ಹಾಗಾಗಿ ಹಿಂದೆ ನಾಲ್ಕೂವರೆ ಮಿಲಿಮೀಟರಿನ ಸ್ಕ್ರೂ ಸಲೀಸಾಗಿ ಕೂತಿತು. ಮುಂದಿನದಕ್ಕೆ ಮೂರೂವರೆಯ ಸಣ್ಣದು, ಜೊತೆಗೆ ಎಲುಬಿನ ಪುಡಿ ತುಂಬಬೇಕಾಯಿತು. ಕೆಳದವಡೆಯೊಳಗೆ ತುಟಿ, ಗದ್ದಕ್ಕೆ ಸ್ಪರ್ಶ ಕೊಡುವ ನರವೊಂದು ಹಾಯುತ್ತದೆ. ಸ್ಕ್ರೂವಿನ ತುದಿ ಅದಕ್ಕಿಂತ 2 ಮಿಲಿಮೀಟರಾದರೂ ಮೇಲೆ ನಿಲ್ಲಬೇಕು. ಸ್ಕ್ಯಾನ್ ಇಲ್ಲದೆ ಸ್ಕ್ರೂ ಹಾಕುತ್ತೇವೆ ಎನ್ನುವವರ ಕುರ್ಚಿಯಲ್ಲಿ ಕೂರಬೇಡಿ.

ಆಪರೇಷನ್ನಿಗೆ ಹೆದರಿದ್ದೆ. ಹಲ್ಲು ಕೀಳಿಸುವುದಕ್ಕಿಂತ ಅದೇ ಸಸಾರವಾಯಿತು. ಸೂಜಿ ಕೊಟ್ಟ ಮೇಲೆ ಬರೀ ಅದುರು ಮತ್ತು ನೀರಿನ ಸದ್ದು. ಎಲುಬು 47 ಡಿಗ್ರಿಯಲ್ಲಿ ಒಂದು ನಿಮಿಷ ಕಾದರೂ ಸಾಯತೊಡಗುತ್ತದೆ, ಅದಕ್ಕೇ ಕೊರೆಯುವಾಗ ಉಪ್ಪುನೀರು ಸುರಿಯುತ್ತಲೇ ಇರುತ್ತಾರೆ. ಎರಡು ದಿನ ಕೆನ್ನೆ ಊದಿತ್ತು, ವಾರದಲ್ಲಿ ಹೊಲಿಗೆ ಬಿಚ್ಚಿದರು. ಆಮೇಲಿನದು ಕಾಯುವ ಕೆಲಸ. ಮೇ ತಿಂಗಳಲ್ಲಿ ಹಾಕಿದ ಸ್ಕ್ರೂವಿನ ಮೇಲೆ ಹಲ್ಲು ಬಂದದ್ದು ಅಕ್ಟೋಬರಿನಲ್ಲಿ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು 1950ರ ದಶಕದಲ್ಲಿ ಮೊಲದ ಕಾಲಿನ ಎಲುಬಿನಲ್ಲಿ ಟೈಟಾನಿಯಂ ಉಪಕರಣವಿಟ್ಟು ರಕ್ತಸಂಚಾರ ನೋಡುತ್ತಿದ್ದರಂತೆ. ಕೊನೆಗೆ ಅದನ್ನು ಕೀಳಲು ಹೋದರೆ ಎಲುಬು ಬಿಟ್ಟುಕೊಡಲಿಲ್ಲ. 1965ರಲ್ಲಿ ಅದೇ ಗುಣವನ್ನು ನಂಬಿ ಮೊದಲ ರೋಗಿಗೆ ಹಲ್ಲು ಕೂರಿಸಿದರು. ನಮ್ಮ ವೈದ್ಯರು ಇದನ್ನು ಹೇಳಿದ ಮೇಲೆ ಆ ಐದು ತಿಂಗಳು ನನಗೆ ಭಾರವಾಗಲಿಲ್ಲ. ಎಲುಬು ಲೋಹವನ್ನು ಅಪ್ಪಿಕೊಳ್ಳುವ ಹೊತ್ತು ಅದು.

ಅದಾಗಿ ಮೂರು ವರ್ಷ ದಾಟಿದೆ. ತಟ್ಟೆಯ ಮುಂದೆ ಕೂತು ಹೋಲಿಸಿದರೆ ಹೀಗೆ. ಕಡಕ್ ರೊಟ್ಟಿ, ಎಣಗಾಯಿ, ಹಸಿ ಉಳ್ಳಾಗಡ್ಡಿಗೆ ಇಂಪ್ಲಾಂಟೂ ಬ್ರಿಡ್ಜೂ ಸಮಸಮ. ಪ್ಲೇಟಿನ ಹಲ್ಲಲ್ಲಿ ರೊಟ್ಟಿ ಕಚ್ಚುವುದಾಗುವುದಿಲ್ಲ, ಕೈಯಲ್ಲೇ ಮುರಿದು ಒಳಗಿಡಬೇಕು. ಶೇಂಗಾ ಹಿಂಡಿಯ ಒಂದು ಕಾಳು ಪ್ಲೇಟಿನಡಿ ಸೇರಿದರೆ ಸೂಜಿ ಚುಚ್ಚಿದಂತೆ, ಎದ್ದು ಹೋಗಿ ತೊಳೆಯಲೇಬೇಕು. ಅಮೀನಗಡದ ಕರದಂಟಿನ ಅಂಟಿಗೆ ಅಕ್ರಿಲಿಕ್ ಪ್ಲೇಟ್ ಒಂದು ಮದುವೆಯಲ್ಲಿ ಕಳಚಿಯೇ ಬಂದಿತ್ತು. ಇಂಪ್ಲಾಂಟಿನಲ್ಲಿ ಅದೇ ಕರದಂಟು ನಿಶ್ಚಿಂತೆ. ಮುಧೋಳದಿಂದ ತಮ್ಮ ಕಬ್ಬು ತಂದರೆ ಸಿಪ್ಪೆ ಕುಡುಗೋಲಿನಲ್ಲಿ ತೆಗೆಸಿ, ತುಂಡನ್ನು ದವಡೆಯಲ್ಲಿ ಅಗಿಯುತ್ತೇನೆ.

ಒಂದು ಕೊರತೆ ಇದೆ, ಯಾರೂ ಮುಂಚೆ ಹೇಳುವುದಿಲ್ಲ. ನಮ್ಮ ಹಲ್ಲಿನ ಬೇರಿನ ಸುತ್ತ ತೆಳು ನಾರಿನ ಹಾಸಿಗೆ ಇರುತ್ತದೆ, ಕಲ್ಲು ಸಿಕ್ಕ ಕ್ಷಣವೇ ಅದು ದವಡೆಯನ್ನು ತಡೆಯುತ್ತದೆ. ಇಂಪ್ಲಾಂಟಿಗೆ ಆ ಹಾಸಿಗೆ ಇಲ್ಲ. ಹಿಟ್ಟಿನಲ್ಲಿ ಬಂದ ಹರಳೊಂದು ಬಲಗಡೆ ಆಗಿದ್ದರೆ ತಕ್ಷಣ ಗೊತ್ತಾಗುತ್ತಿತ್ತು, ಎಡಗಡೆ ‘ಟಕ್’ ಎಂದ ಮೇಲೆ ತಿಳಿಯಿತು. ಅಂದಿನಿಂದ ಜೋಳ ಹಸನು ಮಾಡುವಾಗ ಎರಡು ಸಲ ಕಣ್ಣಾಡಿಸುತ್ತೇನೆ.

ತೊಳೆಯುವುದರಲ್ಲಿ ಅತಿ ಕಷ್ಟದ್ದು ಬ್ರಿಡ್ಜ್. ಸುಳ್ಳು ಹಲ್ಲಿನ ಅಡಿಯಿಂದ ದಾರ ತೂರಿಸಿ ಎಳೆಯಬೇಕು. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹಲ್ಲು ಹೋದದ್ದು ಬಹುಶಃ ಅಲ್ಲೇ. ಇಂಪ್ಲಾಂಟಿನ ಕುತ್ತಿಗೆ ನಿಜವಾದ ದವಡೆ ಹಲ್ಲಿನ ಬೇರಿಗಿಂತ ಸಣ್ಣದು, ಸಂದಿಯಲ್ಲಿ ಅನ್ನ ಸೇರುತ್ತದೆ. ರಾತ್ರಿ ಸಣ್ಣ ಸಂದಿ ಬ್ರಷ್ ಆಡಿಸುತ್ತೇನೆ. ಲೋಹಕ್ಕೆ ಹುಳುಕು ಹತ್ತುವುದಿಲ್ಲ, ನಿಜ. ಆದರೆ ಸುತ್ತಲಿನ ಒಸಡಿಗೆ ಸೋಂಕು ತಗುಲಿ ಎಲುಬು ಇಳಿಯಬಹುದು, ಅದೂ ನೋವಿಲ್ಲದೆ. ವರ್ಷಕ್ಕೊಂದು ಎಕ್ಸ್‌ರೇ ಅದಕ್ಕಾಗಿ. ಪ್ಲೇಟನ್ನು ರಾತ್ರಿ ತೆಗೆದು ನೀರಲ್ಲಿಡಬೇಕು. ಅಕ್ರಿಲಿಕ್ ಬಿಸಿನೀರಿಗೆ ಸೊಟ್ಟಗಾಗುತ್ತದೆ, ಟೂತ್‌ಪೇಸ್ಟಿಗೆ ಗೀರು ಬೀಳುತ್ತದೆ. ಸಾಬೂನು, ಮೆತ್ತನೆಯ ಬ್ರಷ್ ಸಾಕು.

ಇಂಪ್ಲಾಂಟಿಗೆ ಎರಡೂ ಸೇರಿ, ಎಲುಬಿನ ಪುಡಿ ಹಿಡಿದು, 58,000 ಆಯಿತು. ಚೀಟಿ ಹಾಕಿದ್ದ ದುಡ್ಡು. ಬ್ರಿಡ್ಜ್ ಅಗ್ಗವೆನಿಸಿತ್ತು, ಆದರೆ ಅದು ಹಾಳಾದ ಮೇಲಿನ ರೂಟ್ ಕೆನಾಲ್, ಕ್ಯಾಪ್, ಕೊನೆಗೆ ಹೆಚ್ಚಿಗೆ ಬೇಕಾದ ಒಂದು ಇಂಪ್ಲಾಂಟನ್ನೂ ಅದರ ಲೆಕ್ಕಕ್ಕೇ ಬರೆಯಬೇಕು. ಕೈ ಬಿಗಿ ಇದ್ದವರು ದಂತ ಕಾಲೇಜುಗಳಲ್ಲಿ ವಿಚಾರಿಸಿ. ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಕಾಲೇಜು, ವಿಜಯಪುರದಲ್ಲಿ ಅಲ್-ಅಮೀನ್, ಬೆಳಗಾವಿಯಲ್ಲಿ ಕೆಎಲ್‌ಇ ವಿ.ಕೆ. ಇವೆ. ಭೇಟಿಗಳು ಹೆಚ್ಚಾಗುತ್ತವೆ, ಪುರುಸೊತ್ತು ಬೇಕು. ಎಲ್ಲೇ ಹಾಕಿಸಿದರೂ ಸ್ಕ್ರೂವಿನ ಕಂಪನಿ, ಅಳತೆ ಬರೆದ ಕಾರ್ಡ್ ಇಸಿದುಕೊಳ್ಳಿ. ನಾಳೆ ಮಗನ ಊರಿಗೆ ಹೋದಾಗ ಸಡಿಲವಾದರೆ ಅಲ್ಲಿನ ವೈದ್ಯರಿಗೆ ಯಾವ ಕೀಲಿ ಬೇಕೆಂದು ಗೊತ್ತಾಗುವುದು ಅದರಿಂದಲೇ. ಇಂಪ್ಲಾಂಟಿನ ಮೇಲೆ ಕೂರುವ ಹಲ್ಲನ್ನು ಸಿಮೆಂಟಿನ ಬದಲು ಸ್ಕ್ರೂನಿಂದ ಬಿಗಿಯಲು ಆಗುತ್ತದೆಯೇ ಎಂದೂ ಕೇಳಿ, ಬೇಕಾದಾಗ ಬಿಚ್ಚಬಹುದು.

ನಮ್ಮ ಅವ್ವನಿಗೆ ಎಂಬತ್ತೆರಡು. ಸ್ವಂತ ಹಲ್ಲಿಲ್ಲ, ಮೇಲೆ ಕೆಳಗೆ ಪೂರ್ತಿ ಕಟ್ಟಿಸಿದ ಹಲ್ಲಿನ ಸೆಟ್. ಮೇಲಿನದು ಅಂಗುಳಕ್ಕೆ ಅಂಟಿ ನಿಲ್ಲುತ್ತದೆ, ಕೆಳಗಿನದು ನಾಲಿಗೆ ಆಡಿದಂತೆ ತೇಲುತ್ತದೆ. ಕೆಳದವಡೆಯ ಮುಂಭಾಗದಲ್ಲಿ ಎರಡೇ ಸ್ಕ್ರೂ ಹಾಕಿ, ಸೆಟ್ಟನ್ನು ಅವುಗಳಿಗೆ ಗುಂಡಿಯಂತೆ ಒತ್ತಿ ಕೂರಿಸುವ ಪದ್ಧತಿ ಇದೆ. ಕೆಳಗೆ ಹಲ್ಲೇ ಇಲ್ಲದವರಿಗೆ ಇದೇ ಮೊದಲ ಆಯ್ಕೆಯಾಗಬೇಕು ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದ್ದರು. ನಾನು ಹೇಳಿದಾಗಲೆಲ್ಲ ಅವ್ವ “ಈ ವಯಸ್ಸಿನಾಗ ನನಗ್ಯಾಕ” ಎಂದು ಹಾಲಿನಲ್ಲಿ ರೊಟ್ಟಿ ಮುರಿದುಕೊಂಡು ಉಣ್ಣುತ್ತಿದ್ದಳು. ಹೋದ ಭಾನುವಾರ ನನ್ನ ಪಕ್ಕ ಕೂತು, ನಾನು ಕಡಕ್ ರೊಟ್ಟಿ ಅಗಿಯುವ ಸದ್ದು ಕೇಳುತ್ತಾ, “ಆ ಎರಡು ಸ್ಕ್ರೂ ನನಗೂ ಹಾಕ್ತಾರೇನ, ಕೇಳಿ ನೋಡವ್ವಾ” ಎಂದಳು. ಬುಧವಾರ ಅವಳ ಸ್ಕ್ಯಾನ್ ಇದೆ.